ಮಕ್ಕಳ ಕಲ್ಯಾಣ ಸಮಿತಿಯಲ್ಲಿ ದಿನಾಂಕಗಳ ಲೆಕ್ಕ ಕೇಳಿದ್ದು

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ನಾನು ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಒಂದು ಮಧ್ಯಾಹ್ನ ನ್ಯಾಯಾಲಯದ ಆವರಣದ ನೆರವು ಕೇಂದ್ರಕ್ಕೆ ಬಂದ ವಯಸ್ಸಾದ ಕೂಲಿ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟು, "ಅಕ್ಕಾರ, ನಮ್ಮ ಹುಡುಗೂರನ್ನ ಯಾರಿಗೆ ಕೇಳಿದ್ರ ಕೊಡ್ತಾರ?" ಎಂದರು. ಚೀಲದಲ್ಲಿ ರೇಷನ್ ಕಾರ್ಡು, ಮಗಳ ಮರಣ ಪ್ರಮಾಣಪತ್ರ ಮತ್ತು ಅಂಗನವಾಡಿಯಲ್ಲಿ ತೆಗೆಸಿದ್ದ ಒಂದು ಫೋಟೊ ಇದ್ದವು. ಗುಳೆ ಹೋಗಿದ್ದ ಮಗಳು ಕಾಯಿಲೆ ಬಿದ್ದು ಮರಳಿ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅವಳ ಇಬ್ಬರು ಮಕ್ಕಳು ಬಸ್ ನಿಲ್ದಾಣದಲ್ಲಿ ಪೊಲೀಸರಿಗೆ ಸಿಕ್ಕಿದ್ದರು. ಪೊಲೀಸರು ಅವರನ್ನು ಕ್ರಮಬದ್ಧವಾಗಿಯೇ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ, ಅಂದರೆ ಆಸರೆಯಿಲ್ಲದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲಾ ಸಮಿತಿಯ, ಮುಂದೆ ಹಾಜರುಪಡಿಸಿದ್ದರು. ಸಮಿತಿ ಹುಡುಗಿಯನ್ನು ಸರ್ಕಾರಿ ಬಾಲಮಂದಿರಕ್ಕೂ ಅವಳ ತಮ್ಮನನ್ನು ಬೇರೊಂದು ತಾಲ್ಲೂಕಿನ ಖಾಸಗಿ ಸಂಸ್ಥೆಗೂ ಕಳುಹಿಸಿತ್ತು. ಅಲ್ಲಿಗೆ ಹದಿನಾಲ್ಕು ತಿಂಗಳು ಕಳೆದಿದ್ದವು. ಅಜ್ಜಿ ಮೂರು ಸಲ ಸಮಿತಿಯ ಕಚೇರಿಗೆ ಹೋಗಿ, ಮೂರು ಸಲವೂ "ಮುಂದಿನ ವಾರ ಬರ್ರಿ" ಎಂಬ ಮಾತು ಕೇಳಿ ವಾಪಸಾಗಿದ್ದರು.

ಅಂದು ರಾತ್ರಿ ನಾನು ಬರೆದ ಮೊದಲ ದೂರು ಬರೀ ಸಿಟ್ಟಿನದಾಗಿತ್ತು. ಅದರಲ್ಲಿ ಮಕ್ಕಳ ಹೆಸರಿತ್ತು, ಊರಿತ್ತು, "ಅಮಾನವೀಯ" ಎಂಬ ಪದ ಎರಡು ಕಡೆ ಇತ್ತು, ಮತ್ತು ಅದನ್ನು ಪರಿಚಯದ ವರದಿಗಾರರೊಬ್ಬರಿಗೂ ಕಳುಹಿಸುವ ಯೋಚನೆ ನನಗಿತ್ತು. ಮರುದಿನ ಅದನ್ನು ಓದಿದ ಪ್ರಾಧಿಕಾರದ ಪಟ್ಟಿಯಲ್ಲಿರುವ ನಮ್ಮ ಪ್ಯಾನಲ್ ವಕೀಲರು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು. 2015ರ ಬಾಲನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ಇಂಥ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸುವುದೇ ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಮುಂದಿನ ಎಲ್ಲ ಕೆಲಸಕ್ಕೆ ತಳಹದಿಯಾಯಿತು: "ಅಮಾನವೀಯ ಅಂದರೆ ಅವರು ಅಲ್ಲ ಅನ್ನುತ್ತಾರೆ. ಅಲ್ಲ ಅನ್ನಲಾಗದ್ದು ನಿಮ್ಮ ಹತ್ತಿರ ಏನಿದೆ?"

ಅಂಥದ್ದು ದಿನಾಂಕ ಮಾತ್ರ. ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಗಡುವುಗಳನ್ನು ಬಹಳ ಸ್ಪಷ್ಟವಾಗಿ ಬರೆದಿದೆ. ಅದೇ ಕಾಯ್ದೆಯ ಕಲಂ 36ರಂತೆ ಮಗುವಿನ ಮನೆ, ಕುಟುಂಬದ ಸ್ಥಿತಿ ತಿಳಿಯುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಮಗು ಮೊದಲ ಸಲ ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಹೊರಡಿಸಬೇಕು. ಕಲಂ 28ರಂತೆ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು, ಅಂತಿಮ ವಿಲೇವಾರಿಯ ದಿನ ಕನಿಷ್ಠ ಮೂವರು ಇರಬೇಕು. ಕಲಂ 54ರ ತಪಾಸಣಾ ಸಮಿತಿಯವರು, ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರುವಂತೆ ಕನಿಷ್ಠ ಮೂವರ ತಂಡವಾಗಿ, ಮಕ್ಕಳಿರುವ ಪ್ರತಿಯೊಂದು ಸಂಸ್ಥೆಗೂ ಮೂರು ತಿಂಗಳಿಗೊಮ್ಮೆ ಭೇಟಿ ಕೊಟ್ಟು ವಾರದೊಳಗೆ ವರದಿ ಸಲ್ಲಿಸಬೇಕು. ಜಿಲ್ಲಾಧಿಕಾರಿಯವರು ಸಮಿತಿಯ ಕಾರ್ಯವೈಖರಿಯನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಹೀಗಾಗಿ ನಾನು ಸಿಟ್ಟಿನ ದೂರನ್ನು ಬದಿಗಿಟ್ಟು ಒಂದು ಉದ್ದ ಪುಸ್ತಕದಲ್ಲಿ ಎರಡು ಕಾಲಂ ಗೆರೆ ಎಳೆದೆ. ಎಡಗಡೆ ಕಾನೂನು ಹೇಳಿದ ದಿನ, ಬಲಗಡೆ ಕಚೇರಿಯ ಕಡತ ಹೇಳುವ ದಿನ. ಬಲಗಡೆಯನ್ನು ತುಂಬಿಸುವುದಕ್ಕೇ ನನಗೆ ಐದು ತಿಂಗಳು ಹಿಡಿಯಿತು.

ಮಕ್ಕಳ ಕಡತದ ದೃಢೀಕೃತ ಪ್ರತಿಯನ್ನು ಅಜ್ಜಿಯ ಹೆಸರಿನಲ್ಲಿ ಕೇಳಿದೆವು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಮಹಿಳೆಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬುದು ಈ ಅಜ್ಜಿಗಿರಲಿ, ಸಮಿತಿಯ ಗುಮಾಸ್ತರಿಗೂ ಗೊತ್ತಿರಲಿಲ್ಲ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬೀಳುವವರೆಗೆ ನಾವು ಟಪಾಲು ಮೇಜಿನ ಮುಂದಿನಿಂದ ಕದಲಲಿಲ್ಲ. ಅಜ್ಜಿ ಅದುವರೆಗೆ ಮೂರು ಸಲ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಆ ಕಚೇರಿಯಲ್ಲಿ ಒಂದು ಗೆರೆಯ ದಾಖಲೆಯೂ ಇರಲಿಲ್ಲ. "ಯಾರೂ ಬಂದೇ ಇಲ್ಲ" ಎಂದು ಅವರು ನಂತರ ಲಿಖಿತವಾಗಿ ಹೇಳಿದ್ದು ಅದೇ ಧೈರ್ಯದ ಮೇಲೆ. ಕೈಗೆ ಬಂದ ಕಡತದಲ್ಲಿ ಒಂದೇ ಒಂದು ಆದೇಶವಿತ್ತು: "ಮುಂದಿನ ಆದೇಶದವರೆಗೆ ಬಾಲಮಂದಿರದಲ್ಲಿ ಇರಿಸುವುದು." ಸಾಮಾಜಿಕ ತನಿಖಾ ವರದಿಯ ನಮೂನೆ ಖಾಲಿಯಿತ್ತು. ಆದರೆ ಮೊದಲ ದಿನದ ಹೇಳಿಕೆಯಲ್ಲಿಯೇ ಹುಡುಗಿ ಅಜ್ಜಿಯ ಊರಿನ ಹೆಸರನ್ನೂ ಆ ಊರಿನ ಶಾಲೆಯ ಮುಂದಿನ ಬೇವಿನ ಮರವನ್ನೂ ಹೇಳಿದ್ದಳು. ಆ ಊರು ಸಮಿತಿಯ ಕಚೇರಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ.

ಇದೊಂದೇ ಕಡತವೋ, ಎಲ್ಲವೂ ಹೀಗೆಯೋ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಗಳನ್ನು ಹಾಕಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹೊಸಬರು ಎಡವುವುದು ಇಲ್ಲಿಯೇ, ಏಕೆಂದರೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದನ್ನೇ ಕಾರಣ ಮಾಡಿ ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು 10 ರೂಪಾಯಿಯ ಪೋಸ್ಟಲ್ ಆರ್ಡರುಗಳನ್ನು ಲಗತ್ತಿಸಿ ಐದು ಪ್ರತ್ಯೇಕ ಅರ್ಜಿ ಕೊಟ್ಟೆ: ಸಮಿತಿ ಸಭೆ ಸೇರಿದ ದಿನಗಳು ಮತ್ತು ಹಾಜರಾತಿ, ನಾಲ್ಕು ತಿಂಗಳು ಮೀರಿದ ಪ್ರಕರಣಗಳ ಸಂಖ್ಯೆ, ತಪಾಸಣಾ ವರದಿಗಳ ಪ್ರತಿಗಳು, ಜಿಲ್ಲಾಧಿಕಾರಿಗಳ ತ್ರೈಮಾಸಿಕ ಪರಿಶೀಲನೆಯ ನಡಾವಳಿಗಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಖಾಲಿ ಹುದ್ದೆಗಳು. ಯಾವ ಅರ್ಜಿಯಲ್ಲಿಯೂ ಮಗುವಿನ ಹೆಸರನ್ನು ಕೇಳಲಿಲ್ಲ. ಆದರೂ ಮೊದಲು ಬಂದ ಉತ್ತರ "ಮಕ್ಕಳ ಗೌಪ್ಯತೆಯ ದೃಷ್ಟಿಯಿಂದ ನೀಡಲಾಗದು" ಎಂಬುದು. ಮಗುವನ್ನು ಕಾಪಾಡಲು ಇರುವ ಗೌಪ್ಯತೆಯ ನಿಯಮವು ಕಚೇರಿಯ ವೈಫಲ್ಯಕ್ಕೆ ಕೊಡೆ ಹಿಡಿಯುವುದನ್ನು ನಾನು ಆಮೇಲೆಯೂ ಹಲವು ಸಲ ಕಂಡಿದ್ದೇನೆ. 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ, ಸಭೆಯ ದಿನಾಂಕಕ್ಕೆ ಯಾವ ಮಗುವಿನ ಗುರುತೂ ಇರುವುದಿಲ್ಲ ಎಂದೂ, ವರದಿಗಳಲ್ಲಿ ಹೆಸರುಗಳಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 10ರಂತೆ ಅವನ್ನು ಮಸಿ ಬಳಿದು ಉಳಿದುದನ್ನು ಕೊಡಬಹುದೆಂದೂ ಬರೆದೆ. ಐದರಲ್ಲಿ ನಾಲ್ಕಕ್ಕೆ ಉತ್ತರ ಬಂತು.

ತಪಾಸಣಾ ವರದಿಗಳನ್ನು ಓದಿದ ಸಂಜೆಯನ್ನು ನಾನು ಮರೆಯಲಾರೆ. ಬೇರೆ ಬೇರೆ ತಿಂಗಳ ಎರಡು ವರದಿಗಳಲ್ಲಿ "ಮಕ್ಕಳು ಆರೋಗ್ಯವಾಗಿದ್ದು ಊಟೋಪಚಾರ ತೃಪ್ತಿಕರವಾಗಿದೆ" ಎಂಬ ವಾಕ್ಯ ಒಂದೇ ಕಾಗುಣಿತದ ತಪ್ಪಿನೊಂದಿಗೆ ಮರುಕಳಿಸಿತ್ತು. ವೈದ್ಯಾಧಿಕಾರಿಯ ಸಹಿಯ ಜಾಗ ಎರಡರಲ್ಲಿಯೂ ಖಾಲಿಯಿತ್ತು. ಮಗುವಿನೊಂದಿಗೆ ಮಾತನಾಡಿದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಿಹಾರದ ಮುಜಫ್ಫರ್‌ಪುರದ ಆಶ್ರಯಧಾಮದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದಿದ್ದ ದೌರ್ಜನ್ಯ 2018ರಲ್ಲಿ ಹೊರಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ನಡೆಸಿದ ಸಾಮಾಜಿಕ ಲೆಕ್ಕಪರಿಶೋಧನೆಯಿಂದ ಎಂಬುದು ನೆನಪಾಯಿತು. ನಮ್ಮ ಬಾಲಮಂದಿರದಲ್ಲಿ ಅಂಥದ್ದೇನೂ ನಡೆದಿರಲಿಲ್ಲ ಎಂದು ನಾನು ಇಂದೂ ನಂಬಿದ್ದೇನೆ. ಆದರೆ ನಡೆದಿದ್ದರೂ ಆ ಎರಡು ವರದಿಗಳಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಖಾಲಿ ಹುದ್ದೆಗಳ ಉತ್ತರ ನನ್ನನ್ನು ಸ್ವಲ್ಪ ಮೆತ್ತಗಾಗಿಸಿತು. ಮನೆಭೇಟಿ ಮಾಡಬೇಕಾಗಿದ್ದ ಸಮಾಜ ಕಾರ್ಯಕರ್ತೆಯೊಬ್ಬರೇ ಮೂವರ ಕೆಲಸವನ್ನು ಮಾಡುತ್ತಿದ್ದರು, ಅದೂ ಗುತ್ತಿಗೆಯ ಮೇಲೆ. ದೂರಿನಲ್ಲಿ ಅವರ ಹೆಸರನ್ನು ಹಾಕಿದ್ದರೆ ಮೊದಲು ಕೆಲಸ ಕಳೆದುಕೊಳ್ಳುತ್ತಿದ್ದವರು ಅವರೇ, ಮತ್ತು ಕಡತ ಅಲ್ಲಿಗೇ ಮುಚ್ಚುತ್ತಿತ್ತು. ಹೀಗಾಗಿ ಕಾನೂನಿನ ಕರ್ತವ್ಯ ಯಾವ ಹುದ್ದೆಯ ಮೇಲಿದೆಯೋ ಆ ಹುದ್ದೆಯನ್ನು ಮಾತ್ರ ಹೆಸರಿಸುವುದೆಂದು ನಿರ್ಧರಿಸಿದೆವು.

ಇನ್ನು ದೂರನ್ನು ಯಾರಿಗೆ ಕೊಡುವುದು ಎಂಬ ಪ್ರಶ್ನೆ. ಸಮಿತಿಯ ಆದೇಶದ ವಿರುದ್ಧ 30 ದಿನಗಳಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಬಾಲನ್ಯಾಯ ಕಾಯ್ದೆಯ ಕಲಂ 101ರಲ್ಲಿ ಅವಕಾಶವಿದೆ. ಆದರೆ ನಮ್ಮ ಪ್ರಕರಣದಲ್ಲಿ ಪ್ರಶ್ನಿಸಬೇಕಾದ ಅಂತಿಮ ಆದೇಶವೇ ಇರಲಿಲ್ಲ, ಇದ್ದದ್ದು ಮೌನ. ಆ ಮೌನಕ್ಕೆ ಸರಿಹೊಂದುವುದು ಕಲಂ 27(10). ಸಮಿತಿಯ ಕಾರ್ಯವೈಖರಿಯ ಬಗೆಗಿನ ಕುಂದುಕೊರತೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರೇ, ಅಂದರೆ ಜಿಲ್ಲಾಧಿಕಾರಿಯವರೇ ಪರಿಹಾರ ಪ್ರಾಧಿಕಾರಿ, ಬಾಧಿತ ಮಗು ಅಥವಾ ಮಗುವಿಗೆ ಸಂಬಂಧಿಸಿದ ಯಾರೇ ಆದರೂ ಅವರಿಗೆ ದೂರು ಕೊಡಬಹುದು, ಅವರು ಎರಡೂ ಕಡೆಯವರನ್ನು ಕೇಳಿ ಆದೇಶ ಮಾಡಬೇಕು. ಒಂದು ಇಕ್ಕಟ್ಟು ಮಾತ್ರ ಇತ್ತು. ತ್ರೈಮಾಸಿಕ ಪರಿಶೀಲನೆ ನಡೆಯದಿರುವುದನ್ನು ನಮ್ಮ ಪಟ್ಟಿಯೇ ತೋರಿಸುತ್ತಿತ್ತು, ಅದನ್ನು ನಡೆಸಬೇಕಾದವರ ಮುಂದೆಯೇ ಅದನ್ನು ಹೇಳಬೇಕಾಗಿತ್ತು. ವಕೀಲರು ಅದನ್ನು ಆರೋಪವಾಗಿ ಬರೆಯದೆ ದೂರಿನ ಕೊನೆಯ ಕೋರಿಕೆಯ ಭಾಗದಲ್ಲಿ "ಬಾಕಿಯಿರುವ ಪರಿಶೀಲನೆಯನ್ನು ನಡೆಸಬೇಕು" ಎಂದು ಸೇರಿಸಿದರು. ದೂರು ಎರಡೇ ಪುಟ, ದಿನಾಂಕಗಳ ಪಟ್ಟಿ ಒಂದು ಪುಟ.

ಅದೇ ಪ್ರತಿಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳುಹಿಸಿದೆವು. ಆಯೋಗದ ತೀರ್ಮಾನಗಳು ಶಿಫಾರಸುಗಳು ಮಾತ್ರ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ 2005ರ ಕಾಯ್ದೆಯಂತೆ ವಿಚಾರಣೆಯ ವೇಳೆ ಅಧಿಕಾರಿಯನ್ನು ಕರೆಸಲು, ದಾಖಲೆ ತರಿಸಲು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ಮತ್ತು ದಾಖಲೆಯೇ ನಮಗೆ ಬೇಕಾಗಿದ್ದದ್ದು. ಹೈಕೋರ್ಟಿಗೆ ನೇರವಾಗಿ ಹೋಗೋಣವೆಂದು ಗೆಳೆಯರು ಒತ್ತಾಯಿಸಿದ್ದರು. ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಬಾಲನ್ಯಾಯ ಕಾಯ್ದೆ ಸರಿಯಾಗಿ ಜಾರಿಯಾಗುವಂತೆ ನೋಡಿಕೊಳ್ಳಲು ಎಲ್ಲ ಹೈಕೋರ್ಟುಗಳೂ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳಬೇಕೆಂದು ಕೋರಿತ್ತು ಎಂಬುದು ಅವರ ಬಲವಾದ ವಾದ. ರಿಟ್ ಅರ್ಜಿಯ ಕರಡನ್ನು ಸಿದ್ಧಪಡಿಸಿಯೇ ಇಟ್ಟೆವು. ಆದರೆ ಜಿಲ್ಲೆಯಲ್ಲಿ ದೊರೆಯುವ ಪರಿಹಾರವನ್ನು ಕೇಳದೆ ಹೋದರೆ ಮೊದಲ ದಿನವೇ "ಅಲ್ಲಿ ಕೇಳಿದಿರಾ?" ಎಂಬ ಪ್ರಶ್ನೆ ಬರುತ್ತದೆಂದು ನನಗನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಆರು ವಾರಗಳ ಬಳಿಕ ವಿಚಾರಣೆ ನಡೆಯಿತು. ಸಮಿತಿಯವರು ಸಿಬ್ಬಂದಿ ಕೊರತೆಯನ್ನು ಹೇಳಿದರು, ಅಜ್ಜಿಗೆ ವಯಸ್ಸಾಗಿದೆ, ಬಡತನವಿದೆ ಎಂದೂ ಹೇಳಿದರು. ವಕೀಲರು ಬಡತನದ ಮಾತಿಗೆ ಮಾತ್ರ ಉತ್ತರಿಸಿದರು: ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯ ಕಲಂ 3 ಹೇಳುತ್ತದೆ, ಬಡತನಕ್ಕೆಂದೇ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಮನೆಯಲ್ಲೇ ಸಾಕಲು ತಿಂಗಳಿಗೆ 4,000 ರೂಪಾಯಿಯ ನೆರವು, ಅಂದರೆ ಪ್ರಾಯೋಜಕತ್ವವಿದೆ. ಉಳಿದದ್ದಕ್ಕೆ ದಿನಾಂಕದ ಪಟ್ಟಿಯನ್ನು ಮುಂದಿಟ್ಟರು. ಜಿಲ್ಲಾಧಿಕಾರಿಯವರು ಅದನ್ನು ಓದಲು ಬಹಳ ಹೊತ್ತು ತೆಗೆದುಕೊಂಡರು. 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಸಬೇಕು, ನಾಲ್ಕು ತಿಂಗಳು ಮೀರಿದ ಎಲ್ಲ ಮಕ್ಕಳ ಪಟ್ಟಿಯನ್ನು ತಮ್ಮ ಮುಂದಿಡಬೇಕು, ಮುಂದಿನ ತಪಾಸಣೆಗೆ ವೈದ್ಯಾಧಿಕಾರಿ ಕಡ್ಡಾಯವಾಗಿ ಹೋಗಬೇಕು ಎಂದು ಆದೇಶವಾಯಿತು. ಯಾರ ಮೇಲೂ ಶಿಸ್ತುಕ್ರಮ ಆಗಲಿಲ್ಲ. ನಾವು ಕೇಳಿರಲೂ ಇಲ್ಲ, ಆದರೂ ಅದು ನನಗೆ ಸಮಾಧಾನ ತಂದಿತೆಂದು ಹೇಳಲಾರೆ.

ಸಮಾಜ ಕಾರ್ಯಕರ್ತೆ ಮನೆಭೇಟಿಗೆ ಹೋದ ದಿನ ನಾನೂ ಊರಿನವರೆಗೆ ಹೋಗಿದ್ದೆ. ಶಾಲೆಯ ಮುಂದೆ ಬೇವಿನ ಮರ ಇತ್ತು. ಅಂತಿಮ ಆದೇಶವಾಗಿ ಮಕ್ಕಳು ಮನೆಗೆ ಬಂದದ್ದು ಜೂನ್ ತಿಂಗಳಲ್ಲಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಕ್ಕನನ್ನು ಕಾಣದಿದ್ದ ಹುಡುಗ ಮೊದಲ ಎರಡು ದಿನ ಅವಳೊಂದಿಗೆ ಮಾತನಾಡಲಿಲ್ಲವೆಂದು ಅಜ್ಜಿ ಹೇಳಿದರು. ಹುಡುಗಿ ನನ್ನನ್ನು ಕೇಳಿದ್ದು ಒಂದೇ: "ಅಕ್ಕಾರ, ನನ್ನ ಟಿ.ಸಿ. ಯಾರು ತರ್ತಾರ?" ಬಾಲಮಂದಿರದ ಕಡೆಯ ಶಾಲೆಯಿಂದ ವರ್ಗಾವಣೆ ಪತ್ರ ತರುವುದು ಆದೇಶದ ಯಾವ ಸಾಲಿನಲ್ಲಿಯೂ ಇರಲಿಲ್ಲ, ನಮ್ಮ ಎರಡು ಪುಟದ ದೂರಿನಲ್ಲಿಯೂ ಇರಲಿಲ್ಲ. ಅದನ್ನು ತರಲು ಇನ್ನೊಂದು ಅರ್ಜಿ, ಇನ್ನೊಂದು ಮೊಹರು, ಹನ್ನೊಂದು ದಿನ ಬೇಕಾಯಿತು. ಪ್ರಾಯೋಜಕತ್ವದ ಮೊದಲ ಕಂತು ಬಂದದ್ದು ದೀಪಾವಳಿಯ ನಂತರ. ನಾಲ್ಕು ತಿಂಗಳು ಮೀರಿದವರ ಆ ಪಟ್ಟಿಯ ಉಳಿದ ಮಕ್ಕಳಿಗಾಗಿ ಮೂರು ತಿಂಗಳಿಗೊಮ್ಮೆ ಪರಿಶೀಲನೆಯ ನಡಾವಳಿಯನ್ನು ಕೇಳಿ ಅರ್ಜಿ ಹಾಕುತ್ತಿದ್ದೇನೆ. ಕಳೆದ ಸಲದ ನಡಾವಳಿ ಎರಡು ಪುಟವಿತ್ತು, ಅದರಲ್ಲಿ ವೈದ್ಯಾಧಿಕಾರಿಯ ಸಹಿಯಿರುವ ತಪಾಸಣಾ ವರದಿಯ ಪ್ರಸ್ತಾಪವೂ ಇತ್ತು.