ಹೋಟೆಲಿಗೆ ಹೊಸ ಬಿಲ್ಲಿಂಗ್ ತರುವವರಿಗೆ ನಾಲ್ಕು ಮಾತು

ಸಾಫ್ಟ್‌ವೇರ್ ಮಾರುವವರು ಡೆಮೊ ತೋರಿಸುವುದು ಯಾವಾಗಲೂ ಮಧ್ಯಾಹ್ನ ಮೂರರ ಮೇಲೆ, ಧಣಿಯ ರೂಮಿನಲ್ಲಿ, ಫ್ಯಾನಿನ ಕೆಳಗೆ. ಆಗ ಎಲ್ಲವೂ ಚಂದ ಓಡುತ್ತದೆ. ಅವರನ್ನು ಬೆಳಗ್ಗೆ ಎಂಟೂವರೆಗೆ ಬರಲು ಹೇಳಿ. ಬಸ್ಸಿಳಿದವರು, ಆಫೀಸಿಗೆ ಹೊರಟವರು, ಪಾರ್ಸೆಲ್‌ಗೆ ಕಾದವರು ಎಲ್ಲ ಒಟ್ಟಿಗೇ ಸೇರುವ ಹೊತ್ತದು. ಕಾವಲಿಯ ಪಕ್ಕ ನಿಲ್ಲಿಸಿ ಡೆಮೊ ಕೇಳಿ. ಅಲ್ಲಿ ಓಡಿದರೆ ಮಾತ್ರ ರೇಟಿನ ಮಾತು.

ನಾನು ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶ್ ಮತ್ತು ಲೆಕ್ಕ ನೋಡಿಕೊಳ್ಳುತ್ತೇನೆ. ಕೈಚೀಟಿ ಬಿಟ್ಟು ಮೊಬೈಲಿನಲ್ಲಿ ಆರ್ಡರ್ ಹಾಕುವ, ಅದು ನೇರ ಅಡಿಗೆಮನೆಯಲ್ಲಿ ಪ್ರಿಂಟ್ ಆಗುವ ವ್ಯವಸ್ಥೆಯನ್ನು ನಮ್ಮಲ್ಲಿ ತರುವ ಕೆಲಸ ನನ್ನ ತಲೆಗೇ ಬಂತು.

ಮೆಷಿನ್‌ಗೆ ದುಡ್ಡು ಕೊಡುವ ಮುಂಚೆ ಹಳೆ ಚೀಟಿಗಳ ಒಂದು ಕಟ್ಟು ಬಿಚ್ಚಿ ಓದಿ. ನಮ್ಮಲ್ಲಿ ಟೇಬಲಿಗೆ ತಿಂಡಿ ಕೊಡುವ ಸಪ್ಲಾಯರ್‌ಗಳ ಚೀಟಿಯಲ್ಲಿ ತಿಂಡಿಯ ಹೆಸರು, ಎಷ್ಟು ಪ್ಲೇಟ್ ಅನ್ನುವುದಷ್ಟೇ ಇರುತ್ತಿರಲಿಲ್ಲ. ಸುತ್ತ ಗೆರೆ ಎಳೆದರೆ ಪಾರ್ಸೆಲ್. ಕೆಳಗೆ ಗೆರೆ ಇದ್ದರೆ ಈರುಳ್ಳಿ ಬೇಡ. ಮೂಲೆಯಲ್ಲಿ ಚುಕ್ಕೆ ಇದ್ದರೆ ತಿನ್ನುವವರು ವಯಸ್ಸಾದವರು, ದೋಸೆ ಮೆತ್ತಗಿರಲಿ. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸಿದ್ದಲ್ಲ. ಅಡಿಗೆಯ ಭಟ್ರಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕಂಪನಿಯವರ ರೆಡಿ ಮೆನುವಿನಲ್ಲಿ ಇದಕ್ಕೆಲ್ಲ ಜಾಗವೇ ಇರಲಿಲ್ಲ. ಇಂಥವನ್ನು ಭಟ್ರ ಜೊತೆ ಕೂತು ಪಟ್ಟಿ ಮಾಡಿ, ಒಂದೊಂದಕ್ಕೂ ಬಟನ್ ಮಾಡಿಸಿ. ಚಾತುರ್ಮಾಸ್ಯದಲ್ಲಿ ತರಕಾರಿ ಬೇಡ, ಮೊಸರು ಬೇಡ ಅನ್ನುವವರೂ ನಮ್ಮೂರಲ್ಲಿ ಬರುತ್ತಾರೆ. ಅದೂ ಇರಲಿ. "ಆಮೇಲೆ ಹಾಕಿಕೊಡುತ್ತೇವೆ" ಅಂದರೆ ಒಪ್ಪಬೇಡಿ. ಬಟನ್ ಇಲ್ಲದಿದ್ದರೆ ಸಪ್ಲಾಯರ್ ಒಳಗೆ ಓಡಿ ಬಾಯಲ್ಲೇ ಹೇಳುತ್ತಾನೆ. ಬಾಯಲ್ಲೇ ಹೇಳುವುದಾದರೆ ಮೆಷಿನ್ ಎಂತಕ್ಕೆ, ಅಲ್ವಾ?

ತಿಂಡಿಯ ಹೆಸರುಗಳನ್ನೂ ಸಪ್ಲಾಯರ್‌ಗಳು ಕೂಗುವ ಹಾಗೆಯೇ ಹಾಕಿಸಿ. ಗೋಳಿಬಜೆಯನ್ನು 'ಮ್ಯಾಂಗಲೋರ್ ಬಜ್ಜಿ' ಅಂತ ಹಾಕಿದರೆ ಹುಡುಕುತ್ತಾ ನಿಲ್ಲುತ್ತಾರೆ. ಜಾಸ್ತಿ ಹೋಗುವುದು ಮೇಲೆ ಬರಲಿ. ಬೆಳಗ್ಗಿನ ಬನ್ಸ್, ಇಡ್ಲಿ ಒಂದು ಪುಟ, ಸಂಜೆಯ ತಿಂಡಿ ಇನ್ನೊಂದು ಪುಟ. ಕನ್ನಡದಲ್ಲಿ ಪ್ರಿಂಟ್ ಬೇಕಾದರೆ ಮೊದಲೇ ಹೇಳಿ. ಬಹಳಷ್ಟು ಸಣ್ಣ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರ ಇರುವುದಿಲ್ಲ. ಸಾಫ್ಟ್‌ವೇರ್ ಅದನ್ನು ಚಿತ್ರ ಮಾಡಿ ಕಳಿಸಬೇಕು. ಸ್ವಲ್ಪ ನಿಧಾನ, ಆದರೆ ಆಗುತ್ತದೆ.

ಅಡಿಗೆಮನೆಗೆ ಥರ್ಮಲ್ ಪ್ರಿಂಟರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಕಾಗದ ಬಿಸಿಗೇ ಕಪ್ಪಾಗುವಂಥದ್ದು. ಒಲೆ ಹತ್ತಿರ ಇಟ್ಟರೆ ಓದುವುದು ಕಷ್ಟ. ರಿಬ್ಬನ್ ಇರುವ ಡಾಟ್ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಅದು ಕಿರ್ರ್ ಅನ್ನುತ್ತದೆ, ಭಟ್ರಿಗೆ ತಿರುಗಿ ನೋಡದೆಯೇ ಆರ್ಡರ್ ಬಂತು ಅಂತ ತಿಳಿಯುತ್ತದೆ. ಕ್ಯಾಶ್ ಕೌಂಟರಿಗೆ ಥರ್ಮಲ್ ಸಾಕು. ಅದರ ಅಕ್ಷರ ಬೇಗ ಮಾಸುತ್ತದೆ, ಜಿಎಸ್‌ಟಿ ಲೆಕ್ಕವನ್ನಾದರೆ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. ಹಾಗಾಗಿ ಕಾಗದ ನಂಬಬೇಡಿ, ಬ್ಯಾಕಪ್ ನಂಬಿ.

ಇನ್ವರ್ಟರ್ ಉಂಟಲ್ಲ ಅಂತ ಸುಮ್ಮನಿರಬೇಡಿ. ಸಾದಾ ಇನ್ವರ್ಟರಿಗೆ ಬದಲಾಗುವ ಆ ಒಂದು ಕ್ಷಣಕ್ಕೇ ಕಂಪ್ಯೂಟರ್ ಆಫ್ ಆಗಿ ಆನ್ ಆಗಬಹುದು. ಕಂಪ್ಯೂಟರಿಗೂ ವೈಫೈ ರೂಟರಿಗೂ ಸಣ್ಣ ಯುಪಿಎಸ್ ಹಾಕಿ. ನೆಟ್ ಹೋದರೂ ಬಿಲ್ ಆಗುತ್ತದಾ ಅಂತ ಡೆಮೊ ದಿನವೇ ರೂಟರಿನ ವಯರ್ ಎಳೆದು ನೋಡಿ.

ಇನ್ನು ಜನರ ವಿಷಯ. ಕಷ್ಟ ಇರುವುದೇ ಇಲ್ಲಿ. ಮೊಬೈಲ್ ಚೆನ್ನಾಗಿ ಬರುತ್ತದೆ ಅಂತ ಹೊಸ ಹುಡುಗನಿಗೆ ಮೊದಲು ಕೊಡುತ್ತಾರೆ. ನಾನು ಎಲ್ಲರಿಗಿಂತ ಹಳೆಯ ಸಪ್ಲಾಯರ್‌ಗೆ ಕೊಟ್ಟೆ. ಉಳಿದವರು ನೋಡುವುದು ಅವರ ಮುಖವನ್ನೇ. ಅವರು ಬಟನ್ ಬಗ್ಗೆ ಎಂತದ್ದೂ ಕೇಳಲಿಲ್ಲ. "ಅಕ್ಕ, ನಾನು ದಿನಕ್ಕೆ ಎಷ್ಟು ಟೇಬಲ್ ಮಾಡಿದೆ ಅಂತಲೂ ಇದರಲ್ಲಿ ಬರುತ್ತದಾ?" ಅಂದರು. ಬರುತ್ತದೆ. ಸುಳ್ಳು ಹೇಳಬೇಡಿ. ಆ ರಿಪೋರ್ಟ್ ನೋಡಿ ಯಾರ ಸಂಬಳವನ್ನೂ ಮುಟ್ಟುವುದಿಲ್ಲ ಅಂತ ಧಣಿಯ ಬಾಯಿಂದಲೇ, ಎಲ್ಲರ ಎದುರು ಹೇಳಿಸಿ. ಮ್ಯಾನೇಜರ್ ಹೇಳಿದರೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಟಿಪ್ಸ್ ಮರೆಯಬೇಡಿ. ಬಿಲ್ಲಿನ ಮೇಲೇ ಕ್ಯೂಆರ್ ಬಂದರೆ ಗಿರಾಕಿ ಸರಿಯಾಗಿ 147 ರೂಪಾಯಿ ಕಳಿಸಿ ಎದ್ದು ಹೋಗುತ್ತಾನೆ. ತಟ್ಟೆಯಲ್ಲಿ ಚಿಲ್ಲರೆ ಉಳಿಯುವುದಿಲ್ಲ. ಮಾಲೀಕರಿಗೆ ಇದು ಕಾಣುವುದೇ ಇಲ್ಲ. ಸಪ್ಲಾಯರ್‌ಗೆ ಇದು ಸಂಜೆಯ ಬಸ್ ಚಾರ್ಜು. ನಾವು ಕೌಂಟರಿನಲ್ಲಿ ಟಿಪ್ಸಿಗೆಂದೇ ಬೇರೆ ಕ್ಯೂಆರ್ ಇಟ್ಟೆವು. ಶನಿವಾರ ಹಂಚುತ್ತೇವೆ, ಕ್ಲೀನರ್‌ಗಳಿಗೂ ಪಾಲು ಉಂಟು. ಮೆಷಿನ್ ಬಗ್ಗೆ ಗೊಣಗಾಟ ಕಡಿಮೆಯಾದದ್ದು ಅಲ್ಲಿಂದಲೇ.

ಯಾವಾಗ ಶುರು ಮಾಡುವುದು? ಕೃಷ್ಣಾಷ್ಟಮಿಯ ಗಲಾಟೆಯಲ್ಲಿ ಬೇಡ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಹತ್ತಿರವಂತೂ ಬೇಡವೇ ಬೇಡ. ನನ್ನ ಲೆಕ್ಕಕ್ಕೆ ಆಟಿ ತಿಂಗಳು ಒಳ್ಳೆಯದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಳೆ ಜೋರು, ಜನ ಕಮ್ಮಿ. "ಆಟಿಯಲ್ಲಿ ಹೊಸದು ಶುರು ಮಾಡುವುದುಂಟಾ ಮಾರಾಯ್ರೆ" ಅಂತ ನಮ್ಮ ಧಣಿ ತಕರಾರು ತೆಗೆದರು. ಶುರು ಅಲ್ಲ, ಕಲಿಯುವುದಷ್ಟೇ ಅಂದೆ. ಪಾರ್ಸೆಲ್ ಕೌಂಟರಿನಲ್ಲಿ ಮಾತ್ರ ಹಚ್ಚಿದೆವು. ಅಲ್ಲಿ ಆರ್ಡರೂ ದುಡ್ಡೂ ಒಂದೇ ಕಡೆ, ತಪ್ಪಾದರೆ ಕೂಡಲೇ ಕಾಣುತ್ತದೆ. ಟೇಬಲ್‌ಗಳಿಗೆ ತಂದದ್ದು ಅಷ್ಟಮಿ ಕಳೆದ ಮೇಲೆ. ಆಯುಧಪೂಜೆಯ ದಿನ ಪ್ರಿಂಟರಿಗೂ ಕುಂಕುಮ ಬಿತ್ತು, ಧಣಿಗೂ ಸಮಾಧಾನ.

ಕೈಚೀಟಿಯ ಪುಸ್ತಕ ಒಂದೆರಡು ಕೌಂಟರಿನ ಡ್ರಾಯರಿನಲ್ಲಿ ಇರಲಿ, ಮೆಷಿನ್ ಕೈಕೊಟ್ಟ ದಿನಕ್ಕೆ. ಎಲ್ಲ ಸರಿಯಿದ್ದಾಗ ಚೀಟಿ, ಮೊಬೈಲ್ ಎರಡನ್ನೂ ಒಟ್ಟಿಗೆ ಮಾಡಿಸಬೇಡಿ. ಕೆಲಸ ಡಬಲ್ ಆಗಿ ಎರಡಕ್ಕೂ ಬೈಗುಳ ಬೀಳುತ್ತದೆ. ಸಹಿ ಹಾಕುವ ಮೊದಲು ಎರಡು ವಿಷಯ ಬರೆಸಿಕೊಳ್ಳಿ: ಭಾನುವಾರ ಮಧ್ಯಾಹ್ನ ಕೆಟ್ಟರೆ ಯಾರು ಬರುತ್ತಾರೆ, ಮತ್ತು ನಾಳೆ ಬೇರೆ ಕಂಪನಿಗೆ ಹೋದರೆ ನಮ್ಮ ಮೆನು, ನಮ್ಮ ಲೆಕ್ಕ ಪೂರ್ತಿ ಎಕ್ಸೆಲ್‌ನಲ್ಲಿ ವಾಪಸ್ ಕೊಡುತ್ತಾರಾ.