ಕಕ್ಕಡದ ಮಳೆಯಲ್ಲಿ ಒಂಬತ್ತು ಬಗೆಯ ಊಟ

ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬ್ಬೆಯ ಸಮೀಪವಿರುವ ನಮ್ಮ ಹೋಮ್‌ಸ್ಟೇಯಲ್ಲಿ ಎರಡು ಮಳೆಗಾಲಗಳಿಂದ ನಾನು ‘ಟೇಸ್ಟಿಂಗ್ ಮೆನು’ ಪದ್ಧತಿಯ ಊಟವನ್ನು ಬಡಿಸುತ್ತಿದ್ದೇನೆ. ಎಲ್ಲವನ್ನೂ ಒಮ್ಮೆಗೇ ಎಲೆಯ ಮೇಲೆ ಬಡಿಸದೆ, ಎರಡು ಮೂರು ತುತ್ತಿನಷ್ಟಿರುವ ಒಂಬತ್ತು ಬಗೆಗಳನ್ನು, ಅಡುಗೆಯವನೇ ಗೊತ್ತುಮಾಡಿದ ಕ್ರಮದಲ್ಲಿ, ಒಂದಾದ ಮೇಲೊಂದರಂತೆ ತಂದಿಡುವುದು ಈ ಪದ್ಧತಿ. ಮೇಜಿಗೆ ಎಂಟು ಜನರಿಗಿಂತ ಹೆಚ್ಚು ಕೂರಿಸುವುದಿಲ್ಲ. ಅಡುಗೆಮನೆಯಲ್ಲಿ ನಾನು, ನನ್ನ ಅವ್ವ ಮತ್ತು ಸಹಾಯಕ್ಕೆ ಒಬ್ಬ ಹುಡುಗ, ಇಷ್ಟೇ ಜನ.

ಊರಿಗೆ ಮರಳುವ ಮೊದಲು ಹನ್ನೊಂದು ವರ್ಷ ಬೆಂಗಳೂರಿನ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದವನು ನಾನು. ಅಲ್ಲಿ ಒಮ್ಮೆ ಕೈಯಿಂದ ಹಣ ಕೊಟ್ಟು ಇಂಥದೊಂದು ಪ್ರಯೋಗಶೀಲ ರೆಸ್ಟೋರೆಂಟಿನಲ್ಲಿ ಕುಳಿತು ಉಂಡೆ. ಹೊಗೆ ತುಂಬಿದ ಗಾಜಿನ ಬುರುಡೆ, ಬಾಯಲ್ಲಿಟ್ಟರೆ ಮಾಯವಾಗುವ ನೊರೆ, ಕಲ್ಲಿನ ಮೇಲೆ ಇಟ್ಟ ಬಿಸ್ಕತ್ತು ಇವೆಲ್ಲ ಬಂದವು. ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕೆಂಡದಲ್ಲಿ ಸುಟ್ಟ ಈರುಳ್ಳಿಯಿಂದ ತೆಗೆದ ಒಂದು ಚಮಚೆ ತಿಳಿಸಾರು. ಈರುಳ್ಳಿಯ ರುಚಿ ಏನೆಂಬುದು ಅಷ್ಟು ವರ್ಷ ಅದನ್ನು ಹೆಚ್ಚಿದ ನನಗೂ ಅಂದೇ ತಿಳಿಯಿತು. ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿಗೂ, ಎಳೆ ಬಿದಿರಿನ ಬೈಂಬಳೆಗೂ, ಮಳೆಗಾಲದ ಮದ್ದುಸೊಪ್ಪಿಗೂ ಅಂಥ ಒಂದು ಚಮಚೆಯ ಅವಕಾಶ ಸಿಗಬೇಕೆಂಬ ಆಸೆ ಅಲ್ಲಿಂದ ಹುಟ್ಟಿತು.

ಮೊದಲು ಕೈಹಾಕಿದ್ದು ಕಾಚಂಪುಳಿಗೆ. ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಿಸಿ, ತೊಟ್ಟಿಕ್ಕುವ ರಸವನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಗಟ್ಟಿಯಾಗುವಂತೆ ಮಾಡಿದ ಈ ಹುಳಿ ನಮ್ಮಲ್ಲಿ ಪಂದಿಕರಿಯ, ಅಂದರೆ ಹಂದಿಮಾಂಸದ ಸಾರಿನ, ಕೊನೆಯಲ್ಲಿ ಬೀಳುತ್ತದೆಯೇ ಹೊರತು ಯಾರ ನಾಲಗೆಗೂ ಒಂಟಿಯಾಗಿ ಸಿಗುವುದಿಲ್ಲ. ಸ್ಪೇನಿನ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಫೆರಾನ್ ಅಡ್ರಿಯಾ ಪ್ರಸಿದ್ಧಗೊಳಿಸಿದ ಗೋಲಿ ಮಾಡುವ ವಿಧಾನ ನನಗೆ ಗೊತ್ತಿತ್ತು. ಕಂದು ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಎಂಬ ಪುಡಿಯನ್ನು ರಸದಲ್ಲಿ ಕರಗಿಸಿ, ಆ ರಸವನ್ನು ಕ್ಯಾಲ್ಸಿಯಂ ಬೆರೆಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ ಹನಿಯ ಸುತ್ತ ತೆಳುವಾದ ಪೊರೆ ಕಟ್ಟಿ, ಒಳಗೆ ರಸ ರಸವಾಗಿಯೇ ಉಳಿಯುತ್ತದೆ. ನಾನು ಹಾಗೆಯೇ ಮಾಡಿದೆ. ಪುಡಿ ಕರಗದೆ ಗಂಟುಗಂಟಾಗಿ, ಹುಳಿಯ ಮೇಲೆ ಹರಿದ ಹಾಲಿನಂತೆ ತೇಲಿತು. ಆಲ್ಜಿನೇಟಿಗೆ ತೀವ್ರವಾದ ಹುಳಿ ಆಗದು, ಅದರಲ್ಲಿ ಅದು ಕರಗುವುದಿಲ್ಲ ಎಂಬುದನ್ನು ನಾನು ಮೂರು ಬಾಟಲಿ ಒಳ್ಳೆಯ ಕಾಚಂಪುಳಿಯನ್ನು ಹಾಳುಮಾಡಿದ ಮೇಲೆ ಒಪ್ಪಿಕೊಂಡೆ.

ಅದಕ್ಕೆ ಪರಿಹಾರ ಎಂದರೆ ವಿಧಾನವನ್ನು ತಿರುಗುಮುರುಗಾಗಿಸುವುದು. ಈಗ ಒಂದು ಪಾಲು ಕಾಚಂಪುಳಿಗೆ ನಾಲ್ಕು ಪಾಲು ಬೆಲ್ಲದ ಪಾಕ ಸೇರಿಸಿ, ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ ಲ್ಯಾಕ್ಟೇಟನ್ನು ಅದರಲ್ಲೇ ಬೆರೆಸುತ್ತೇನೆ. ಆಲ್ಜಿನೇಟನ್ನು ಲೀಟರು ನೀರಿಗೆ 5 ಗ್ರಾಂನಂತೆ ಹಿಂದಿನ ರಾತ್ರಿಯೇ ಬೇರೆಯಾಗಿ ಕಡೆದಿಟ್ಟರೆ ಬೆಳಗಾಗುವಷ್ಟರಲ್ಲಿ ಗುಳ್ಳೆಗಳೆಲ್ಲ ಅಡಗಿ ನೀರು ತಿಳಿಯಾಗಿರುತ್ತದೆ. ಹುಳಿಯನ್ನು ಸಣ್ಣ ಚಮಚೆಯಲ್ಲಿ ತೆಗೆದುಕೊಂಡು, ನೀರಿನ ಮೈಗೆ ತಾಗುವಷ್ಟು ಹತ್ತಿರದಿಂದ ಮೆಲ್ಲಗೆ ಜಾರಿಸಬೇಕು. ಎತ್ತರದಿಂದ ಬಿಟ್ಟರೆ ಹನಿಗೆ ಬಾಲ ಬರುತ್ತದೆ. ಪಾಕ ತೆಳುವಾಗಿದ್ದರೆ ಹನಿ ಮುಳುಗದೆ ಹರಡಿಕೊಳ್ಳುತ್ತದೆ. ರಸವನ್ನು ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಬಿಡುವುದು ನಗರದ ಅಡುಗೆಮನೆಗಳ ಉಪಾಯವಾದರೂ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮಲ್ಲಿ ಫ್ರೀಜರನ್ನು ನಂಬುವಂತಿಲ್ಲವಾದ್ದರಿಂದ ಪಾಕವನ್ನೇ ಎಳೆ ಬರುವ ಹದದ ತುಸು ಹಿಂದಿನವರೆಗೆ ಕಾಯಿಸುತ್ತೇನೆ. ಎರಡು ನಿಮಿಷ ಬಿಟ್ಟು ರಂಧ್ರದ ಚಮಚೆಯಲ್ಲಿ ಎತ್ತಿ, ಸಾದಾ ನೀರಿನಲ್ಲಿ ಅದ್ದಿದರೆ ನೇರಳೆ ಹಣ್ಣಿನಂಥ ಕಪ್ಪು ಗೋಲಿ ಅಂಗೈಯಲ್ಲಿ ನಡುಗುತ್ತ ಕೂರುತ್ತದೆ. ಪೊರೆ ಒಳಮುಖವಾಗಿ ಬೆಳೆಯುತ್ತಾ ಹೋಗದ ಕಾರಣ, ಇದನ್ನು ಮಧ್ಯಾಹ್ನವೇ ಮಾಡಿಟ್ಟು ರಾತ್ರಿ ಬಡಿಸಬಹುದು. ಒಗ್ಗರಣೆ ಹಾಕಿದ ತೆರ್ಮೆ ಸೊಪ್ಪಿನ, ಅಂದರೆ ಎಳೆಯ ಜರೀಗಿಡದ ಚಿಗುರಿನ, ಮೇಲೆ ಒಂದೊಂದೇ ಗೋಲಿ ಇಡುತ್ತೇನೆ. ಅದು ಬಾಯಲ್ಲಿ ಒಡೆದಾಗ ಮೊದಲು ಹುಳಿ, ಆಮೇಲೆ ಹೊಗೆಯ ವಾಸನೆ, ಕಡೆಗೆ ಒಣಹಣ್ಣಿನಂಥ ಸಣ್ಣ ಸಿಹಿ ಬರುತ್ತದೆ. ಈ ಕೊನೆಯ ಸಿಹಿಯನ್ನು ಕೊಡಗಿನವರೇ ಆದ ಅತಿಥಿಗಳು ಕೂಡ ಮೊದಲ ಬಾರಿಗೆ ಗುರುತಿಸಿದರು.

ಉಳಿದವುಗಳಲ್ಲಿ ಇಷ್ಟು ಯಂತ್ರತಂತ್ರವಿಲ್ಲ. ಊಟ ಆರಂಭವಾಗುವುದು ಗದ್ದೆಯ ಏಡಿಯ ತಿಳಿಸಾರಿನಿಂದ, ಅದೂ ಕಾಫಿ ಲೋಟದ ಕಾಲುಭಾಗದಷ್ಟು. ಅಣಬೆಯನ್ನು, ಅಂದರೆ ನಮ್ಮ ಕುಮ್ಮನ್ನು, ಬಾಳೆ ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಇಡುತ್ತೇವೆ. ಅವ್ವ ಗುರುತು ಹಿಡಿದು ಒಪ್ಪಿದ ಅಣಬೆ ಸಿಗದ ದಿನ ಆ ಬಗೆಯನ್ನೇ ಬಿಡುತ್ತೇವೆ. ಬೈಂಬಳೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿದ ಎಳೆ ಬಿದಿರನ್ನು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸುವ ಹಳೆಯ ಪದ್ಧತಿಗೆ ನಾನು ಕೈ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಹೊಸತನದ ಹೆಸರಿನಲ್ಲಿ ಅದನ್ನು ಅರೆಬರೆ ಬೇಯಿಸಿ ಗರಿಗರಿಯಾಗಿ ಕೊಡಬೇಕೆನ್ನುವ ಅಡುಗೆಯವರ ಬಗ್ಗೆ ನನಗೆ ಸಿಟ್ಟಿದೆ.

ಮದ್ದುಸೊಪ್ಪಿನ ಬಗ್ಗೆ ಸ್ವಲ್ಪ ಹೇಳಬೇಕು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಹಸಿರು ಎಲೆಯನ್ನು ಕುದಿಸಿದರೆ ನೀರು ಕಡುನೇರಳೆಯಾಗುತ್ತದೆ. ಆ ನೀರಿಗೆ ಲೀಟರಿಗೆ 8 ಗ್ರಾಂ ಅಗರ್ ಎಂಬ ಕಡಲಪಾಚಿಯ ಪುಡಿ ಹಾಕಿ ಕುದಿಸಿ ಹೆಪ್ಪುಗಟ್ಟಿಸುತ್ತೇನೆ. ಅಗರ್ ಸುಮಾರು 40 ಡಿಗ್ರಿಯ ಕೆಳಗೆ ಗಟ್ಟಿಯಾದರೂ ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕಾಗುವುದರಿಂದ, ಹೆಪ್ಪನ್ನು ಮತ್ತೆ ಹಬೆಯಲ್ಲಿ ಹದವಾಗಿ ಬಿಸಿಮಾಡಿ, ಬಿಸಿಯಾದ ಬೆಲ್ಲದ ತೆಂಗಿನಹಾಲಿನಲ್ಲಿ ಇಟ್ಟು ಬಡಿಸಬಹುದು. ಹೊರಗೆ ಜಡಿಮಳೆ ಹೊಡೆಯುವಾಗ ತಣ್ಣನೆಯ ಸಿಹಿ ಯಾರಿಗೂ ಬೇಡ. ಮಾರನೆಯ ದಿನ ಮೂತ್ರದ ಬಣ್ಣ ಕೆಂಪಾಗುತ್ತದೆಂಬುದನ್ನು ಬಡಿಸುವ ಮೊದಲೇ ತಿಳಿಸಬೇಕು. ಮೊದಲ ಸಲ ನಾನು ಮರೆತು, ಬೆಳಗಿನ ಆರು ಗಂಟೆಗೆ ಗಾಬರಿಯಿಂದ ಬಾಗಿಲು ತಟ್ಟಿದ ಅತಿಥಿಯೊಬ್ಬರ ಕ್ಷಮೆ ಕೇಳಬೇಕಾಯಿತು.

ನಾನು ನಿಜವಾಗಿ ಎಡವಿದ್ದು ಅಳತೆಯಲ್ಲಿ ಮತ್ತು ಹೊತ್ತಿನಲ್ಲಿ. ಮೊದಲ ಸಂಜೆ ಪ್ರತಿ ಬಗೆಗೂ 90 ಗ್ರಾಂನಷ್ಟು ಬಡಿಸಿದ್ದರಿಂದ ಆರನೆಯದಕ್ಕೇ ಜನ ಕೈ ತೊಳೆಯುವ ಮನಸ್ಸು ಮಾಡಿದರು. ಒಲೆಯ ಮುಂದೆ ನಾನು ತಡಬಡಾಯಿಸಿದ್ದರಿಂದ ಊಟ ಮುಗಿಯಲು ಮೂರು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಸಂಜೆ 40 ಗ್ರಾಂಗೆ ಇಳಿಸಿದಾಗ ಎಲ್ಲರೂ ನಗುನಗುತ್ತಲೇ ಎದ್ದರು, ಆದರೆ ರಾತ್ರಿ ಹನ್ನೊಂದಕ್ಕೆ ಇಬ್ಬರು ಬಂದು ಬ್ರೆಡ್ಡು ಇದೆಯೇ ಎಂದು ಮೆಲ್ಲಗೆ ಕೇಳಿದರು. ನಮ್ಮ ಮನೆಯಲ್ಲಿ ಉಂಡವರು ಹಸಿದು ಮಲಗುವುದೆಂದರೆ ಅವ್ವನಿಗೆ ತಡೆಯಲಾಗದ ಮಾತು. ಮೂರನೆಯ ಸಂಜೆ ನಾನು ಪಂದಿಕರಿಯ ಒಂದೇ ತುಂಡಿನ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಎರಡು ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಜೋಡಿಸುತ್ತಿದ್ದಾಗ, ಅವರು ಪಾತ್ರೆಯನ್ನೇ ಎತ್ತಿಕೊಂಡು ಊಟದ ಕೋಣೆಗೆ ಹೊರಟರು.

“ಅವ್ವಾ, ಇನ್ನೂ ಮೂರು ಬಗೆ ಬಾಕಿ ಇದೆ” ಎಂದೆ.

“ಇರಲಿ ಮಗಾ, ಅದನ್ನು ಆಮೇಲೆ ಕೊಡು. ಇದನ್ನು ಅವರು ಸಾಕು ಅನ್ನಲಿ” ಎಂದರು.

ಅಂದಿನ ಕ್ರಮ ಕೆಟ್ಟಿತು. ಆದರೆ ಆ ಸಂಜೆಯೇ ಎಲ್ಲ ತಟ್ಟೆಗಳೂ ಖಾಲಿಯಾಗಿ ಬಂದದ್ದನ್ನು ನೋಡಿ ನಾನು ಇಡೀ ಊಟವನ್ನು ಹೊಸದಾಗಿ ಕಟ್ಟಿದೆ. ಈಗ ಎಂಟು ಬಗೆಗಳು ಒಟ್ಟು ಸೇರಿ 300 ಗ್ರಾಂ ದಾಟುವುದಿಲ್ಲ. ಆರನೆಯದಾಗಿ ಬರುವ ಪಂದಿಕರಿ ಮತ್ತು ಕಡಂಬುಟ್ಟಿಗೆ ಅಳತೆಯೇ ಇಲ್ಲ. ಅವ್ವ ತಾವೇ ಪಾತ್ರೆ ಹಿಡಿದು ಬಂದು, ಸಾಕೆನ್ನುವವರೆಗೆ ಬಡಿಸುತ್ತಾರೆ. ಮಾಂಸ ತಿನ್ನದವರಿಗೆ ಅದೇ ಜಾಗದಲ್ಲಿ ಕೆಸುವಿನ ಕೆಂಬು ಕರಿ ಮತ್ತು ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ. ಮೊದಲಿಗೆ ನಾನು ಹಂದಿಯ ಹೊಟ್ಟೆಭಾಗವನ್ನು ಇಡಿಯಾಗಿ ಬೇಯಿಸಿ, ರಾತ್ರಿಯಿಡೀ ಗುಂಡುಕಲ್ಲಿನ ಭಾರವಿಟ್ಟು ಒತ್ತಿ, ಅಂಚು ಸರಿಮಾಡಿ ಚೌಕವಾಗಿ ಕತ್ತರಿಸುತ್ತಿದ್ದೆ. ನೋಟಕ್ಕೆ ಚೆಂದವಾಗಿದ್ದ ಆ ತುಂಡಿನ ಒಳಗೆ ಹುರಿದ ಮಸಾಲೆಯೂ ಹುಳಿಯೂ ಇಳಿದಿರಲಿಲ್ಲ. ಈಗ ಅವ್ವ ಮಾಡುವಂತೆ ಸಣ್ಣ ತುಂಡುಗಳು, ಸೌದೆ ಒಲೆ, ಕೊಬ್ಬು ಬಿಟ್ಟುಕೊಂಡು ತನ್ನ ರಸದಲ್ಲೇ ಬೇಯುವಷ್ಟು ಹೊತ್ತು. ಕಡಂಬುಟ್ಟನ್ನು ಮಾತ್ರ ಚಿಕ್ಕದಾಗಿಯೇ ಇಟ್ಟಿದ್ದೇನೆ. ಚಿಕ್ಕ ಉಂಡೆ ಬೇಗ ಬಿರುಸಾಗುವುದರಿಂದ ಒಂದು ಸುತ್ತಿಗೆ ಬೇಕಾದಷ್ಟನ್ನೇ ಹಬೆಪಾತ್ರೆಯಿಂದ ತೆಗೆಯುತ್ತೇವೆ.

ಇಂಗ್ಲೆಂಡಿನ ಫ್ಯಾಟ್ ಡಕ್ ರೆಸ್ಟೋರೆಂಟಿನಲ್ಲಿ ಹೆಸ್ಟನ್ ಬ್ಲೂಮೆಂಥಾಲ್ 2007ರಲ್ಲಿ ಕಡಲ ತಿನಿಸಿನ ಜೊತೆಗೆ ಅಲೆಗಳ ಸದ್ದನ್ನು ಕಿವಿಗೆ ಕೇಳಿಸುವ ಬಗೆಯೊಂದನ್ನು ತಂದರು. ನಮ್ಮಲ್ಲಿ ಸದ್ದನ್ನು ಬೇರೆಯಾಗಿ ಒದಗಿಸಬೇಕಿಲ್ಲ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಪ್ರತಿ ಬಗೆಯನ್ನೂ ನಿಂತು ವಿವರಿಸುವ ವಾಡಿಕೆ ಇದರಿಂದ ತಪ್ಪಿತು. ಬಗೆಯ ಹೆಸರು, ಅದು ಬಂದ ಗದ್ದೆ ಅಥವಾ ತೋಟ, ಅದರಲ್ಲಿರುವ ಪದಾರ್ಥ ಇಷ್ಟನ್ನು ಕೈಬರಹದ ಚೀಟಿಯಲ್ಲಿ ಬರೆದಿಡುತ್ತೇನೆ. ಅಲರ್ಜಿ ಇರುವವರು ಮೊದಲೇ ಓದಿ ಹೇಳುತ್ತಾರೆ, ಉಳಿದವರು ಸುಮ್ಮನೆ ಉಣ್ಣುತ್ತಾರೆ.

ಈಗ ಇಡೀ ಊಟಕ್ಕೆ ಎರಡು ಗಂಟೆ ನಲವತ್ತು ನಿಮಿಷ ಹಿಡಿಯುತ್ತದೆ. ಏಲಕ್ಕಿ ಹಾಕಿದ ಬೆಲ್ಲದ ಕಾಫಿ ಒಂಬತ್ತನೆಯದು. ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಏಡಿ, ಅಣಬೆ, ಮದ್ದುಸೊಪ್ಪು ಮೂರೂ ಇರುವುದಿಲ್ಲವಾದ್ದರಿಂದ ಆಗಿನ ಕ್ರಮವನ್ನು ಬೇರೆಯಾಗಿಯೇ ಹಾಕಬೇಕು. ತೋಟದ ಕಿತ್ತಳೆಯ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ ನೋಡುತ್ತಿದ್ದೇನೆ. ಸದ್ಯಕ್ಕೆ ಕಹಿ ಹೆಚ್ಚಾಗಿದೆ.