ಎಫ್‌ಐಡಿ ಬಿಟ್ಟು ಐಎನ್‌ಪಿಗೆ ಬಂದಿದ್ದು: ನಮ್ಮ ಪರ್ಫಾರ್ಮೆನ್ಸ್ ಮಾನಿಟರಿಂಗ್ ಟೂಲ್ ಅಪ್‌ಡೇಟ್ ಮಾಡಿದ ನನ್ನ ಅನುಭವ

ಎಫ್‌ಐಡಿ (ಫಸ್ಟ್ ಇನ್‌ಪುಟ್ ಡಿಲೇ), ಐಎನ್‌ಪಿ (ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್) ಎರಡೂ ಜನ ಒತ್ತಿದ್ದಕ್ಕೆ ವೆಬ್ ಪೇಜ್ ಎಷ್ಟು ಬೇಗ ಸ್ಪಂದಿಸುತ್ತೆ ಅಂತ ಹೇಳೋ ಅಳತೆಗಳು. ಮಾನಿಟರಿಂಗ್ ಟೂಲ್ ಅಪ್‌ಡೇಟ್ ಅಂದ್ರೆ ಪ್ಯಾಕೇಜ್ ವರ್ಷನ್ ಏರಿಸಿ ಡಿಪ್ಲಾಯ್ ಮಾಡೋದು, ಅಷ್ಟೇ ತಾನೆ ಅಂತ ಕೇಳೋರು ಜಾಸ್ತಿ. ಬೇರೆ ಲೈಬ್ರರಿಗಳಿಗೆ ಆ ಮಾತು ಸರಿ ಇರಬಹುದು. ಆದ್ರೆ ಇದು ಅಳತೆ ಮಾಡೋ ಸಾಮಾನು, ಅಳತೆಗೋಲೇ ಬದಲಾದ್ರೆ ಸೈಟಲ್ಲಿ ಒಂದು ಸಾಲು ಕೋಡ್ ಮುಟ್ಟದೇ ಇದ್ರೂ ಗ್ರಾಫ್ ಮೇಲಕ್ಕೋ ಕೆಳಕ್ಕೋ ಹಾರುತ್ತೆ, ಆಗ ಎಲ್ಲರೂ ಬಂದು ಏನಾಯ್ತು ಏನಾಯ್ತು ಅಂತ ಕೇಳ್ತಾರೆ. ಹಂಗಾಗಿ ನಾನು ಈ ಕೆಲಸ ಕೈಗೆತ್ತಿಕೊಂಡಾಗ ಮೊದಲೇ ಒಂದು ತೀರ್ಮಾನ ಮಾಡ್ಕೊಂಡಿದ್ದೆ: ಸೈಟ್ ಬದಲಾಗಿದ್ದರಿಂದ ಆದ ವ್ಯತ್ಯಾಸ ಯಾವುದು, ಟೂಲ್ ಬದಲಾಗಿದ್ದರಿಂದ ಆದ ವ್ಯತ್ಯಾಸ ಯಾವುದು ಅಂತ ಯಾವಾಗ ಬೇಕಾದ್ರೂ ಬೇರೆ ಮಾಡಿ ತೋರಿಸೋಕೆ ಆಗ್ಬೇಕು. ಉಳಿದಿದ್ದೆಲ್ಲ ಅದರ ಸುತ್ತಾನೇ ಕಟ್ಟಿದ್ದು.

ನಮ್ಮ ಟೂಲ್ ದೊಡ್ಡದೇನಲ್ಲ. ಬ್ರೌಸರ್ ಕಡೆ ಗೂಗಲ್‌ನವರ ವೆಬ್ ವೈಟಲ್ಸ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ, ಅದು ಕೊಟ್ಟ ಅಂಕಿ ಸರ್ವರ್‌ಗೆ ಕಳಿಸೋ ಒಂದು ಸ್ಕ್ರಿಪ್ಟು, ಅಲ್ಲಿ ತಗೊಂಡು ಡೇಟಾಬೇಸ್‌ಗೆ ಹಾಕೋ ಎಂಡ್‌ಪಾಯಿಂಟು, ಮೇಲೊಂದು ಡ್ಯಾಶ್‌ಬೋರ್ಡು, ಪಕ್ಕದಲ್ಲಿ ಅಲರ್ಟು. ಲೈಟ್‌ಹೌಸ್ ಅನ್ನೋ ಗೂಗಲ್‌ನ ಪೇಜ್ ತಪಾಸಣೆ ಟೂಲ್ ಕೂಡ ಬಿಲ್ಡ್ ಜೊತೆ ಓಡುತ್ತೆ, ಆದ್ರೆ ಅದು ಲ್ಯಾಬ್ ಟೆಸ್ಟು, ಅಲ್ಲಿ ಪೇಜ್ ಲೋಡ್ ಆಗೋವಾಗ ಯಾರೂ ಏನೂ ಒತ್ತಲ್ಲ, ಹಂಗಾಗಿ ಐಎನ್‌ಪಿ ಅದರಲ್ಲಿ ಸಿಗಲ್ಲ, ಟೋಟಲ್ ಬ್ಲಾಕಿಂಗ್ ಟೈಮ್ (ಲೋಡ್ ಆಗೋವಾಗ ಬ್ರೌಸರ್ ಎಷ್ಟು ಹೊತ್ತು ಸ್ಪಂದಿಸೋಕಾಗದೇ ಸಿಕ್ಕಿಕೊಂಡಿತ್ತು ಅನ್ನೋ ಲೆಕ್ಕ) ನೋಡಿ ಅಂದಾಜು ಮಾಡ್ಕೋಬೇಕು. ನಿಜವಾದ ಜನ ನಿಜವಾದ ಫೋನಲ್ಲಿ ಏನು ಅನುಭವಿಸ್ತಿದಾರೆ ಅಂತ ಗೊತ್ತಾಗೋದು ಫೀಲ್ಡ್ ಡೇಟಾದಲ್ಲೇ.

ಅಪ್‌ಡೇಟ್ ಬೇಕಾಗಿದ್ದು ಯಾಕೆ ಅಂದ್ರೆ, 2024ರ ಮಾರ್ಚ್ 12ಕ್ಕೆ ಗೂಗಲ್‌ನ ಕೋರ್ ವೆಬ್ ವೈಟಲ್ಸ್ (ಪೇಜ್ ಅನುಭವದ ಮುಖ್ಯ ಅಳತೆಗಳು) ಪಟ್ಟಿಯಿಂದ ಎಫ್‌ಐಡಿ ಹೋಗಿ ಐಎನ್‌ಪಿ ಬಂತು. ಎಫ್‌ಐಡಿ ಅಳೀತಿದ್ದಿದ್ದು ಬಹಳ ಸಣ್ಣ ವಿಷಯ, ಜನ ಪೇಜಲ್ಲಿ ಮೊಟ್ಟಮೊದಲ ಸಲ ಏನಾದ್ರೂ ಒತ್ತಿದಾಗ ಬ್ರೌಸರ್ ಅದನ್ನ ಕೈಗೆತ್ತಿಕೊಳ್ಳೋಕೆ ಎಷ್ಟು ಹೊತ್ತು ಕಾಯಿಸ್ತು ಅನ್ನೋದಷ್ಟೇ. ಎತ್ತಿಕೊಂಡ ಮೇಲೆ ನಮ್ಮ ಕೋಡ್ ಎಷ್ಟು ಹೊತ್ತು ಓಡ್ತು, ಪರದೆ ಮೇಲೆ ಬದಲಾವಣೆ ಕಾಣೋಕೆ ಎಷ್ಟು ಹೊತ್ತಾಯ್ತು, ಎರಡನೇ ಕ್ಲಿಕ್ಕು, ಹತ್ತನೇ ಕ್ಲಿಕ್ಕು, ಇದ್ಯಾವುದೂ ಅದರ ಲೆಕ್ಕಕ್ಕೆ ಇಲ್ಲ. ಐಎನ್‌ಪಿ ಹಂಗಲ್ಲ, ಪೇಜ್ ತೆರೆದಿರೋ ಅಷ್ಟು ಹೊತ್ತೂ ಎಲ್ಲಾ ಕ್ಲಿಕ್ಕು, ಟ್ಯಾಪು, ಕೀಬೋರ್ಡ್ ಒತ್ತುಗಳನ್ನ ನೋಡುತ್ತೆ, ಒತ್ತಿದ ಕ್ಷಣದಿಂದ ಮುಂದಿನ ಪೇಂಟ್ (ಪರದೆ ಮೇಲೆ ಹೊಸ ಚಿತ್ರ ಬರೋದು) ಆಗೋ ತನಕ ಅಳೆಯುತ್ತೆ, ಅದರಲ್ಲಿ ಅತಿ ಕೆಟ್ಟದ್ದನ್ನ ಎತ್ತಿ ಹೇಳುತ್ತೆ (ತುಂಬಾ ಇಂಟರಾಕ್ಷನ್ ಇದ್ರೆ ಪ್ರತಿ 50ಕ್ಕೆ ಒಂದರಂತೆ ಅತಿ ಕೆಟ್ಟದ್ದನ್ನ ಬಿಟ್ಟುಬಿಡುತ್ತೆ). 200 ಮಿಲಿಸೆಕೆಂಡ್ ಒಳಗಿದ್ರೆ ಒಳ್ಳೇದು, 500 ದಾಟಿದ್ರೆ ಕೆಟ್ಟದ್ದು. ನಮ್ಮ ಡ್ಯಾಶ್‌ಬೋರ್ಡಲ್ಲಿ ಎಫ್‌ಐಡಿ ಯಾವಾಗ್ಲೂ ಹಸಿರು, ಸಪೋರ್ಟ್ ಟೀಮಿಗೆ ಮಾತ್ರ ಫಿಲ್ಟರ್ ಒತ್ತಿದ್ರೆ ಪೇಜ್ ಹಿಡ್ಕೊಳ್ಳುತ್ತೆ ಅಂತ ದೂರು ಬರ್ತಾನೇ ಇತ್ತು. ಹೊಸ ಅಳತೆ ಬಂದಾಗ ನನಗೆ ನಿಜಕ್ಕೂ ಖುಷಿ ಆಯ್ತು, ಜನ ಹೇಳ್ತಿದ್ದಿದ್ದು ಕೊನೆಗೂ ಗ್ರಾಫಲ್ಲಿ ಕಾಣುತ್ತಲ್ಲ ಅಂತ.

ಮೊದಲು ಮುಟ್ಟಿದ್ದು ಸರ್ವರ್ ಕಡೆ. ಈ ಕ್ರಮ ಮುಖ್ಯ. ಬ್ರೌಸರ್ ಕೋಡ್ ಒಂದೇ ಸಲಕ್ಕೆ ಎಲ್ಲರ ಹತ್ರ ಬದಲಾಗಲ್ಲ, ಕ್ಯಾಶ್‌ನಲ್ಲಿ ಹಳೇ ಫೈಲ್ ಇರುತ್ತೆ, ದಿನಗಟ್ಟಲೆ ಟ್ಯಾಬ್ ಮುಚ್ಚದೇ ಇಟ್ಕೊಳ್ಳೋರು ಇರ್ತಾರೆ, ಅವರೆಲ್ಲ ಹಳೇ ಆಕಾರದ ಡೇಟಾನೇ ಕಳಿಸ್ತಿರ್ತಾರೆ. ಹಾಗಾಗಿ ಎಂಡ್‌ಪಾಯಿಂಟ್ ಎರಡೂ ಆಕಾರಗಳನ್ನ ತಗೊಳ್ಳೋ ಹಾಗೆ ಮಾಡಿ, ಪ್ರತಿ ಬೀಕನ್ (ಬ್ರೌಸರ್ ಕಳಿಸೋ ಅಂಕಿಗಳ ಚಿಕ್ಕ ಸಂದೇಶ) ಜೊತೆ ಎರಡು ಫೀಲ್ಡ್ ಕಡ್ಡಾಯ ಮಾಡಿದ್ವಿ: ಯಾವ ಲೈಬ್ರರಿ ವರ್ಷನ್ ಅಳೆದಿದ್ದು, ಸೈಟ್‌ನ ಯಾವ ಬಿಲ್ಡ್ ಮೇಲೆ ಅಳೆದಿದ್ದು. ನೋಡೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಇಡೀ ಅಪ್‌ಡೇಟಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇವೆರಡೇ. ಗ್ರಾಫ್ ಅಲ್ಲಾಡಿದ ತಕ್ಷಣ ಒಂದೇ ಬಿಲ್ಡನ್ನ ಎರಡು ಲೈಬ್ರರಿ ವರ್ಷನ್‌ನಲ್ಲಿ ಹೋಲಿಸಿದ್ರೆ ಟೂಲ್‌ನಿಂದಾನಾ ಅಂತ ಗೊತ್ತಾಗುತ್ತೆ, ಒಂದೇ ವರ್ಷನ್‌ನಲ್ಲಿ ಎರಡು ಬಿಲ್ಡ್ ಹೋಲಿಸಿದ್ರೆ ಕೋಡ್‌ನಿಂದಾನಾ ಅಂತ ಗೊತ್ತಾಗುತ್ತೆ. ವಾದಕ್ಕೆ ಜಾಗಾನೇ ಇಲ್ಲ.

ಹೆಸರುಗಳ ಬದಲಾವಣೆ ಬಗ್ಗೆ ಚುಟುಕಾಗಿ ಹೇಳ್ಬಿಡ್ತೀನಿ. ಲೈಬ್ರರಿಯ 3ನೇ ವರ್ಷನ್‌ನಲ್ಲಿ ಗೆಟ್ ಅಂತ ಶುರುವಾಗ್ತಿದ್ದ ಫಂಕ್ಷನ್‌ಗಳೆಲ್ಲ ಆನ್ ಅಂತ ಆದ್ವು, 4ರಲ್ಲಿ ಆಟ್ರಿಬ್ಯೂಶನ್ (ನಿಧಾನಕ್ಕೆ ಕಾರಣ ಎಲ್ಲಿ ಅಂತ ಹೇಳೋ) ಫೀಲ್ಡ್‌ಗಳ ಹೆಸರು ಬದಲಾದ್ವು (ಇವೆಂಟ್ ಟಾರ್ಗೆಟ್ ಇದ್ದಿದ್ದು ಇಂಟರಾಕ್ಷನ್ ಟಾರ್ಗೆಟ್ ಆಯ್ತು), 5ರಲ್ಲಿ ಎಫ್‌ಐಡಿನೇ ತೆಗೆದುಬಿಟ್ರು. ಹೆಸರು ಬದಲಾದಾಗ ಎರರ್ ಬರಲ್ಲ, ಸುಮ್ನೆ ಕಾಲಂ ಖಾಲಿ ಆಗುತ್ತೆ, ಅದಕ್ಕೆ ಖಾಲಿ ಬಂದ ಫೀಲ್ಡ್‌ಗಳ ಪ್ರಮಾಣ ತೋರಿಸೋ ಒಂದು ಗ್ರಾಫ್ ಇಟ್ಕೊಳ್ಳಿ.

ಈಗ ನನಗೆ ತುಂಬಾ ಮುಖ್ಯ ಅನ್ಸೋ ಭಾಗ, ಅಂಕಿಗಳನ್ನ ಹೆಂಗೆ ಶೇಖರಿಸೋದು ಅನ್ನೋದು. ಹಳೇ ಟೂಲ್ ಗಂಟೆಗೊಂದು ಆವರೇಜ್ ಇಟ್ಕೊಳ್ತಿತ್ತು. ಪರ್ಫಾರ್ಮೆನ್ಸ್ ವಿಷಯದಲ್ಲಿ ಆವರೇಜ್ ಯಾರ ಅನುಭವಾನೂ ಹೇಳಲ್ಲ, ಮುಕ್ಕಾಲು ಪಾಲು ಜನಕ್ಕೆ ಚೆನ್ನಾಗಿದ್ದು ಉಳಿದವರು ಒದ್ದಾಡ್ತಿದ್ರೂ ಅದು ಮಧ್ಯದಲ್ಲೆಲ್ಲೋ ಒಂದು ಸಂಖ್ಯೆ ತೋರಿಸಿ ಸುಮ್ಮನಾಗುತ್ತೆ. ಕೋರ್ ವೆಬ್ ವೈಟಲ್ಸ್ ನೋಡೋದು 75ನೇ ಪರ್ಸೆಂಟೈಲ್, ಅಂದ್ರೆ ನೂರು ವಿಸಿಟ್‌ಗಳನ್ನ ಚೆನ್ನಾಗಿರೋದರಿಂದ ಕೆಟ್ಟದ್ದರ ಕಡೆಗೆ ಜೋಡಿಸಿದ್ರೆ 75ನೇದು ಎಲ್ಲಿದೆ ಅಂತ. ಆದ್ರೆ ಪರ್ಸೆಂಟೈಲ್‌ಗಳಿಗೆ ಒಂದು ಗುಣ ಇದೆ, ಅವನ್ನ ಕೂಡಿಸಿ ಭಾಗಿಸೋ ಹಾಗಿಲ್ಲ. 24 ಗಂಟೆಗಳ 75ನೇ ಪರ್ಸೆಂಟೈಲ್ ತಗೊಂಡು ಸರಾಸರಿ ಮಾಡಿದ್ರೆ ಆ ದಿನದ 75ನೇ ಪರ್ಸೆಂಟೈಲ್ ಬರಲ್ಲ, ಯಾಕಂದ್ರೆ ರಾತ್ರಿ ಮೂರು ಗಂಟೆಯ ನಾಲ್ಕೇ ವಿಸಿಟ್‌ಗೂ ಮಧ್ಯಾಹ್ನದ ಸಾವಿರಾರು ವಿಸಿಟ್‌ಗೂ ಒಂದೇ ತೂಕ ಕೊಟ್ಟಂಗಾಗುತ್ತೆ. ಅದಕ್ಕೆ ನಾವು ಹಿಸ್ಟೋಗ್ರಾಂ ಇಡೋಕೆ ಶುರು ಮಾಡಿದ್ವಿ, ಪ್ರತಿ ಗಂಟೆಗೂ ಯಾವ ಬಕೆಟ್‌ನಲ್ಲಿ ಎಷ್ಟು ವಿಸಿಟ್ ಬಿತ್ತು ಅನ್ನೋ ಎಣಿಕೆ ಮಾತ್ರ. ಎಣಿಕೆಗಳನ್ನ ಧಾರಾಳವಾಗಿ ಕೂಡಿಸಬಹುದು, ಗಂಟೆಗಳನ್ನ ಸೇರಿಸಿ ದಿನ, ದಿನಗಳನ್ನ ಸೇರಿಸಿ 28 ದಿನ, ಆಮೇಲೆ ಬೇಕಾದ ಪರ್ಸೆಂಟೈಲ್ ತೆಗೀಬಹುದು. 28 ಯಾಕೆ ಅಂದ್ರೆ ಕ್ರೋಮ್‌ನ ಸಾರ್ವಜನಿಕ ಯೂಸರ್ ಎಕ್ಸ್‌ಪೀರಿಯನ್ಸ್ ರಿಪೋರ್ಟ್ ಕೂಡ ಹಿಂದಿನ 28 ದಿನದ ಡೇಟಾ ಮೇಲೇ ಲೆಕ್ಕ ಹಾಕೋದು, ನಮ್ಮ ಅಂಕಿನ ಅದರ ಪಕ್ಕ ಇಟ್ಟು ನೋಡೋಕೆ ಅನುಕೂಲ. ಎರಡೂ ಒಂದೇ ಆಗ್ಬೇಕು ಅಂತೇನಿಲ್ಲ, ಅದರಲ್ಲಿ ಕ್ರೋಮ್ ಬಳಸೋರು ಮಾತ್ರ ಇರ್ತಾರೆ, ಅದರಲ್ಲೂ ಎಲ್ಲರೂ ಇರಲ್ಲ, ಆದ್ರೆ ಹೋಗೋ ದಿಕ್ಕು ಒಂದೇ ಇರ್ಬೇಕು.

ಬಕೆಟ್ ಅಗಲ ಆರಿಸೋವಾಗ ಒಂದು ಸೂಕ್ಷ್ಮ ಇದೆ. ಬ್ರೌಸರ್‌ನ ಇವೆಂಟ್ ಟೈಮಿಂಗ್ ಎಪಿಐ ಸೆಕ್ಯುರಿಟಿ ಕಾರಣಕ್ಕೆ ಅವಧಿಗಳನ್ನ 8 ಮಿಲಿಸೆಕೆಂಡ್‌ಗೆ ರೌಂಡ್ ಮಾಡಿ ಕೊಡುತ್ತೆ, ಹಂಗಾಗಿ ಐಎನ್‌ಪಿ ಅಂಕಿಗಳು ಎಂಟರ ಮಗ್ಗಿ ಥರಾನೇ ಬರುತ್ತೆ, 48, 56, 64, ಹೀಗೆ. 10ರ ಬಕೆಟ್ ಇಟ್ರೆ ಕೆಲವು ಬಕೆಟ್‌ಗೆ ಎರಡು ಬೆಲೆ ಬೀಳುತ್ತೆ, ಉಳಿದವಕ್ಕೆ ಒಂದೇ, ಗ್ರಾಫಲ್ಲಿ ನಿಜಕ್ಕೂ ಇಲ್ಲದ ಏರುಗಳು ಕಾಣುತ್ತೆ. ನಾವು 8ರ ಬಕೆಟ್ ಇಟ್ವಿ. 200 ಕೂಡ 8ರಿಂದ ಭಾಗ ಆಗೋದರಿಂದ ಒಳ್ಳೇದರ ಗಡಿ ಸರಿಯಾಗಿ ಬಕೆಟ್ ಅಂಚಿಗೇ ಬರುತ್ತೆ, 500ರ ಗಡಿನ ಮಾತ್ರ ಬೇರೆಯಾಗಿ ಎಣಿಸ್ತೀವಿ.

ಸ್ವಲ್ಪ ಕಾಲ ಎಫ್‌ಐಡಿ, ಐಎನ್‌ಪಿ ಎರಡನ್ನೂ ಒಂದೇ ವಿಸಿಟ್‌ನಲ್ಲಿ ಅಳೆದು ಪಕ್ಕಪಕ್ಕದಲ್ಲಿ ತೋರಿಸಿದ್ವಿ. ಒಂದೇ ಗ್ರಾಫಲ್ಲಿ ಎರಡು ಗೆರೆ ಎಳೀಲಿಲ್ಲ, ಬೇರೆ ಬೇರೆ ಗ್ರಾಫು, ಬೇರೆ ಹೆಸರು, ಬೇರೆ ಗಡಿ, ಯಾಕಂದ್ರೆ 100 ಒಳ್ಳೇದು ಅನ್ನೋ ಅಳತೆ ಒಂದು, 200 ಒಳ್ಳೇದು ಅನ್ನೋ ಅಳತೆ ಇನ್ನೊಂದು, ಇವೆರಡನ್ನ ಒಂದೇ ಗೆರೆಯಾಗಿ ಮುಂದುವರಿಸಿದ್ರೆ ನೋಡೋರಿಗೆ ಸೈಟ್ ಒಂದೇ ದಿನದಲ್ಲಿ ನಿಧಾನ ಆಯ್ತು ಅನ್ನೋ ಸುಳ್ಳು ಕಾಣುತ್ತೆ. ಹೊಸ ಅಂಕಿ ಕೆಟ್ಟದಾಗಿ ಕಾಣುತ್ತೆ ಅಂತ ಪ್ರಾಡಕ್ಟ್ ಟೀಮಿಗೆ ಮೊದಲೇ ಹೇಳಿದ್ದೆ, ಅದಕ್ಕೇ ಬಂದಾಗ ಯಾರೂ ಗಾಬರಿ ಆಗ್ಲಿಲ್ಲ, ನೇರವಾಗಿ ಎಲ್ಲಿ ಸರಿ ಮಾಡೋದು ಅಂತ ಕೇಳಿದ್ರು.

ಎಲ್ಲಿ ಅನ್ನೋದಕ್ಕೆ ಉತ್ತರ ಕೊಡದ ಮಾನಿಟರಿಂಗ್ ಟೂಲ್ ಅರ್ಧ ಟೂಲ್ ಅಂತ ನಾನು ನಂಬ್ತೀನಿ. ಅದಕ್ಕೆ ಈ ಸಲ ಲೈಬ್ರರಿಯ ಆಟ್ರಿಬ್ಯೂಶನ್ ಬಿಲ್ಡ್ ಹಾಕಿದ್ವಿ. ಮಾಮೂಲಿ ಬಿಲ್ಡ್ ಸುಮಾರು 2 ಕೆಬಿ, ಇದು ಅದಕ್ಕಿಂತ ಒಂದೂವರೆ ಕೆಬಿ ಆಸುಪಾಸು ಜಾಸ್ತಿ, ಸಿಗೋ ಮಾಹಿತಿ ಮುಂದೆ ಅದು ಏನೂ ಅಲ್ಲ. ಐಎನ್‌ಪಿಯನ್ನ ಇದು ಮೂರು ಭಾಗ ಮಾಡಿ ಕೊಡುತ್ತೆ: ಒತ್ತಿದ ಮೇಲೆ ಹ್ಯಾಂಡ್ಲರ್ (ಆ ಕ್ಲಿಕ್ಕಿಗೆ ಉತ್ತರಿಸೋ ಕೋಡ್) ಶುರುವಾಗೋಕೆ ಕಾದಿದ್ದು, ಹ್ಯಾಂಡ್ಲರ್‌ಗಳು ಓಡಿದ್ದು, ಆಮೇಲೆ ಪರದೆ ಮೇಲೆ ಬರೋಕೆ ಹಿಡಿದಿದ್ದು. ಯಾವ ಬಟನ್ ಅಂತಾನೂ ಹೇಳುತ್ತೆ. ಇದರ ಜೊತೆ ಕ್ರೋಮ್ 123ರಿಂದ ಬಂದ ಲಾಂಗ್ ಅನಿಮೇಶನ್ ಫ್ರೇಮ್ಸ್ ಎಪಿಐ ಸೇರಿದ್ರೆ 50 ಮಿಲಿಸೆಕೆಂಡ್ ದಾಟಿದ ಫ್ರೇಮಲ್ಲಿ ಯಾವ ಸ್ಕ್ರಿಪ್ಟು, ಯಾವ ಫಂಕ್ಷನ್ನು, ಬಲವಂತದ ಲೇಔಟ್‌ಗೆ ಎಷ್ಟು ಹೊತ್ತು ಹೋಯ್ತು ಅಂತೆಲ್ಲ ಸಿಗುತ್ತೆ.

ಫಿಲ್ಟರ್ ದೂರಿನ ಕಥೆ ಇಲ್ಲೇ ಬಿಡಿಸಿಕೊಳ್ತು. ಎಲ್ಲರೂ ಲಿಸ್ಟ್ ರೆಂಡರ್ ಮಾಡೋ ಕೋಡ್ ಮೇಲೆ ಅನುಮಾನ ಪಟ್ಟಿದ್ರು. ಡೇಟಾ ನೋಡಿದ್ರೆ ಅದೇ ಚೆಕ್‌ಬಾಕ್ಸು, ಆದ್ರೆ ಹೊತ್ತು ಹೋಗ್ತಿದ್ದಿದ್ದು ಎರಡು ಕಡೆ. ಒಂದು, ನಮ್ಮದೇ ಹ್ಯಾಂಡ್ಲರ್ ಪ್ರತಿ ಸಾಲಿನ ಎತ್ತರ ಓದಿ ತಕ್ಷಣ ಸ್ಟೈಲ್ ಬರೀತಿತ್ತು, ಮತ್ತೆ ಓದ್ತಿತ್ತು, ಪ್ರತಿ ಸಲಾನೂ ಬ್ರೌಸರ್ ಲೇಔಟ್ ಹೊಸದಾಗಿ ಲೆಕ್ಕ ಹಾಕ್ಬೇಕಿತ್ತು. ಇನ್ನೊಂದು, ಹೊರಗಿನಿಂದ ತಂದ ಒಂದು ಟ್ರ್ಯಾಕಿಂಗ್ ಸ್ಕ್ರಿಪ್ಟ್ ಪ್ರತಿ ಕ್ಲಿಕ್ಕಿಗೂ ಕಿವಿ ಕೊಟ್ಟು ಅದೇ ಹೊತ್ತಲ್ಲಿ ತನ್ನ ಕೆಲಸ ಮುಗಿಸ್ಕೊಳ್ತಿತ್ತು. ಮೊದಲನೇದಕ್ಕೆ ಓದೋದೆಲ್ಲ ಒಟ್ಟಿಗೆ, ಬರೆಯೋದೆಲ್ಲ ಆಮೇಲೆ ಅಂತ ಬೇರೆ ಮಾಡಿದ್ವಿ. ಎರಡನೇದನ್ನ ಕ್ಲಿಕ್ಕಿನ ದಾರಿಯಿಂದ ತೆಗೆದು ಪೇಂಟ್ ಆದ ಮೇಲೆ ಓಡೋ ಹಾಗೆ ಸರಿಸಿದ್ವಿ. ಉದ್ದದ ಕೆಲಸ ಇರೋ ಕಡೆ ಮಧ್ಯದಲ್ಲಿ ಮೇನ್ ಥ್ರೆಡ್ ಬಿಟ್ಟುಕೊಡೋಕೆ ಶೆಡ್ಯೂಲರ್ ಯೀಲ್ಡ್ ಬಳಸಿದ್ವಿ, ಇಲ್ಲದ ಬ್ರೌಸರ್‌ಗೆ ಸೆಟ್‌ಟೈಮ್‌ಔಟ್. ಹೊಸ ಬಿಲ್ಡ್ ಹೋದ ಮೇಲೆ ಆ ಚೆಕ್‌ಬಾಕ್ಸ್ ಹೆಸರು ಪಟ್ಟಿಯ ಮೇಲಿನಿಂದ ಕೆಳಕ್ಕೆ ಇಳೀತಾ ಹೋಗಿದ್ದು ನೋಡೋದೇ ಒಂದು ಸಂತೋಷ.

ಆದ್ರೆ ಇಷ್ಟೊಂದು ವಿವರ ತಗೊಳ್ಳೋವಾಗ ಜನರ ಖಾಸಗಿತನದ ಜವಾಬ್ದಾರಿ ನಮ್ಮ ಮೇಲೆ ಬರುತ್ತೆ. ಬಟನ್‌ನ ಸೆಲೆಕ್ಟರ್ ಒಳಗೆ ಯೂಸರ್ ಐಡಿ ಸೇರ್ಕೊಂಡಿರಬಹುದು, ಯುಆರ್‌ಎಲ್‌ನ ಪ್ರಶ್ನೆಚಿಹ್ನೆ ಆಚೆ ಇಮೇಲ್ ಇರಬಹುದು. ನಾವು ಯುಆರ್‌ಎಲ್ ಕಳಿಸೋದೇ ಇಲ್ಲ, ರೂಟ್‌ನ (ಸೈಟ್ ಒಳಗಿನ ಪೇಜ್ ದಾರಿಯ) ನಮೂನೆ ಮಾತ್ರ, ಸೆಲೆಕ್ಟರ್‌ನಲ್ಲಿ ಅಂಕಿ ಕಂಡ್ರೆ ಬ್ರೌಸರ್‌ನಲ್ಲೇ ಅಳಿಸಿ ಕಳಿಸ್ತೀವಿ. ಸರ್ವರ್‌ಗೆ ಬಂದ ಮೇಲೆ ಅಳಿಸೋದು ತಡ ಆಯ್ತು ಅಂತಾನೇ ಲೆಕ್ಕ.

ಕಳಿಸೋ ಹೊತ್ತಿನ ಬಗ್ಗೆ. ಪೇಜ್ ಮುಚ್ಚೋವಾಗ ಅನ್‌ಲೋಡ್ ಇವೆಂಟ್‌ನಲ್ಲಿ ಕಳಿಸೋ ಹಳೇ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ, ದಯವಿಟ್ಟು ತೆಗೀರಿ. ಮೊಬೈಲಲ್ಲಿ ಅದು ಎಷ್ಟೋ ಸಲ ಓಡೋದೇ ಇಲ್ಲ, ಮೇಲಾಗಿ ಅನ್‌ಲೋಡ್ ಹ್ಯಾಂಡ್ಲರ್ ಇದ್ರೆ ಡೆಸ್ಕ್‌ಟಾಪಲ್ಲಿ ಕ್ರೋಮ್, ಫೈರ್‌ಫಾಕ್ಸ್ ಆ ಪೇಜನ್ನ ಬ್ಯಾಕ್ ಫಾರ್ವರ್ಡ್ ಕ್ಯಾಶ್‌ಗೆ (ಹಿಂದೆ ಮುಂದೆ ಹೋದಾಗ ತಕ್ಷಣ ತೋರಿಸೋಕೆ ಇಟ್ಕೊಳ್ಳೋ ನಕಲು) ಹಾಕಲ್ಲ, ಅಂದ್ರೆ ಸ್ಪೀಡ್ ಅಳೆಯೋಕೆ ಹಾಕಿದ ಕೋಡೇ ಸೈಟನ್ನ ನಿಧಾನ ಮಾಡುತ್ತೆ. ಪೇಜ್ ಮರೆಯಾಗೋ ವಿಸಿಬಿಲಿಟಿ ಚೇಂಜ್ ಇವೆಂಟ್ ಹಿಡಿದು ಸೆಂಡ್ ಬೀಕನ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಕಳಿಸ್ತೀವಿ. ಟ್ಯಾಬ್ ಮರೆಯಾಗಿ ಮತ್ತೆ ಬಂದ್ರೆ ಅದೇ ಅಳತೆ ಹೊಸ ಬೆಲೆಯೊಂದಿಗೆ ಇನ್ನೊಮ್ಮೆ ಬರುತ್ತೆ, ಅದಕ್ಕೆ ಲೈಬ್ರರಿ ಕೊಡೋ ಐಡಿ ನೋಡಿ ಕೊನೇದನ್ನ ಮಾತ್ರ ಉಳಿಸ್ಕೋಬೇಕು. ಎಂಡ್‌ಪಾಯಿಂಟ್ ವಿಳಾಸ ಬದಲಾಯಿಸಿದ್ರೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ (ಪೇಜ್ ಯಾವ ವಿಳಾಸಗಳ ಜೊತೆ ಮಾತಾಡಬಹುದು ಅಂತ ಹೇಳೋ ನಿಯಮ) ಕನೆಕ್ಟ್ ಎಸ್‌ಆರ್‌ಸಿಗೂ ಸೇರಿಸ್ಬೇಕು, ಇಲ್ದಿದ್ರೆ ಬ್ರೌಸರ್ ತಡೆದುಬಿಡುತ್ತೆ, ಡ್ಯಾಶ್‌ಬೋರ್ಡ್‌ಗೆ ಅದರ ಸುಳಿವೇ ಸಿಗಲ್ಲ.

ಅಲರ್ಟ್‌ಗಳನ್ನ ಕೊನೆಗೆ ಬದಲಾಯಿಸಿದ್ವಿ, ಹೊಸ ಡೇಟಾ ಹೆಂಗೆ ಏರಿಳಿಯುತ್ತೆ ಅಂತ ಕಂಡ ಮೇಲೆ. ವಿಸಿಟ್ ಕಮ್ಮಿ ಇರೋ ಹೊತ್ತಲ್ಲಿ ಪರ್ಸೆಂಟೈಲ್ ಸುಮ್ಮಸುಮ್ಮನೆ ಕುಣಿಯುತ್ತೆ, ಹಂಗಾಗಿ ಕನಿಷ್ಠ ಇಷ್ಟು ಸ್ಯಾಂಪಲ್ ಇಲ್ಲದೇ ಅಲರ್ಟ್ ಹೊಡೆಯಲ್ಲ, ಹೋಲಿಕೆನೂ ಹಿಂದಿನ ಗಂಟೆ ಜೊತೆ ಅಲ್ಲ, ಹಿಂದಿನ ವಾರದ ಅದೇ ದಿನದ ಅದೇ ಹೊತ್ತಿನ ಜೊತೆ. ಬ್ರೌಸರ್ ಪ್ರಕಾರಾನೂ ಬೇರೆ ಮಾಡ್ತೀವಿ, ಎಲ್ಲಾ ಬ್ರೌಸರ್‌ಗಳೂ ಎಲ್ಲಾ ಅಳತೆ ಕೊಡಲ್ಲ, ಫೈರ್‌ಫಾಕ್ಸ್‌ಗೆ ಎಲ್‌ಸಿಪಿ (ಪೇಜಿನ ಅತಿ ದೊಡ್ಡ ಭಾಗ ಕಾಣೋಕೆ ಹಿಡಿಯೋ ಹೊತ್ತು) ಬಂದಿದ್ದೇ 2024ರಲ್ಲಿ, 122ನೇ ವರ್ಷನ್‌ನಲ್ಲಿ. ಹೊಸ ಬ್ರೌಸರ್ ಒಂದು ಅಳತೆ ಕೊಡೋಕೆ ಶುರು ಮಾಡಿದ್ರೆ ಒಟ್ಟು ಗ್ರಾಫ್ ಅಲ್ಲಾಡುತ್ತೆ, ಅದು ಸೈಟ್‌ನ ತಪ್ಪಲ್ಲ.

ಹಳೇ ಆಕಾರದ ಬೀಕನ್‌ಗಳು ಬರೋದು ನಿಂತ ಮೇಲೆ ಲೈಬ್ರರಿನ 5ಕ್ಕೆ ಏರಿಸಿ ಎಫ್‌ಐಡಿ ಕೋಡ್ ಅಳಿಸಿದ್ವಿ, ಹಳೇ ಕಾಲಂ ಮಾತ್ರ ಓದೋಕೆ ಸಿಗೋ ಹಾಗೆ ಉಳಿಸಿದೀವಿ. ಇನ್ನು ಉಳಿದಿರೋದು ಸಿಂಗಲ್ ಪೇಜ್ ಅಪ್ಲಿಕೇಶನ್ ಸಮಸ್ಯೆ: ಜನ ಒಳಗೊಳಗೇ ರೂಟ್ ಬದಲಾಯಿಸಿದ್ರೂ ಬ್ರೌಸರ್‌ಗೆ ಅದು ಒಂದೇ ಪೇಜು, ಹಂಗಾಗಿ ಚೆಕ್‌ಔಟ್‌ನಲ್ಲಿ ಆದ ಕೆಟ್ಟ ಕ್ಲಿಕ್ಕು ಹೋಂಪೇಜ್ ಲೆಕ್ಕಕ್ಕೆ ಬೀಳುತ್ತೆ. ಸದ್ಯಕ್ಕೆ ಕ್ಲಿಕ್ ಆದ ಸಮಯ ನೋಡಿ ಆಗ ಯಾವ ರೂಟ್ ತೆರೆದಿತ್ತು ಅಂತ ನಾವೇ ಜೋಡಿಸ್ತಿದೀವಿ. ಆದ್ರೆ ಐಎನ್‌ಪಿ ಒಂದೇ ಅಂಕಿ, ಮಿಕ್ಕ ರೂಟ್‌ಗಳಲ್ಲಿ ಆದ ಎರಡನೇ ಮೂರನೇ ಕೆಟ್ಟ ಕ್ಲಿಕ್ಕುಗಳು ಅದರ ಹಿಂದೆ ಮರೆಯಾಗ್ತವೆ. ಅದಕ್ಕೆ ರೂಟ್‌ಗೊಂದರಂತೆ ಅತಿ ನಿಧಾನದ ಕ್ಲಿಕ್ಕನ್ನ ಬೇರೆಯಾಗಿ ಹಿಡಿದಿಡೋ ಕೋಡ್ ಬರೀತಿದೀನಿ, ಅದಕ್ಕೆ ಐಎನ್‌ಪಿ ಅಂತ ಹೆಸರಿಡದೇ ಬೇರೆ ಹೆಸರಲ್ಲಿ, ಬೇರೆ ಗ್ರಾಫಲ್ಲಿ.